ನಿಮ್ಮ ಮನೆಯ ಡಯಲ್ ಫೋನ್ ಯಾವ ವರ್ಷದ್ದು?

ನಾನು ಹಳೇ ಫೋನ್ ಕೂಡಿಡುತ್ತೇನೆ ಅಂತ ಗೊತ್ತಾದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. ಅಟ್ಟದ ಮೇಲಿದ್ದ ಕಪ್ಪು ಫೋನಿನ ಫೋಟೊ ತೋರಿಸಿ, "ಇದು ಎಷ್ಟು ಹಳೇದ್ರೀ? ಬ್ರಿಟಿಷರ ಕಾಲದ್ದೇನು?" ಅಂತಾರೆ. ಇಲ್ಲಿ ಬಳ್ಳಾರಿಯ ಗುಜರಿ ಅಂಗಡಿಯವರು ಕೇಳಿದ್ದಾರೆ. ರಾಯಚೂರಿನ ಹತ್ತಿ ವ್ಯಾಪಾರಿಗಳ ಮನೆಯವರು ಕೇಳಿದ್ದಾರೆ. ಗಂಗಾವತಿಯ ರೈಸ್ ಮಿಲ್ಲಿನವರೂ ಕೇಳಿದ್ದಾರೆ. ಪ್ರತಿ ಸಲ ಬಿಡಿಬಿಡಿಯಾಗಿ ಹೇಳುವ ಬದಲು ಒಮ್ಮೆ ಪೂರ್ತಿ ಬರೆದುಬಿಡೋಣ ಅನಿಸಿತು.

ಮೊದಲ ಮಾತು. ನಮ್ಮ ಕಡೆ ಸಿಗುವ ಫೋನಿಗೆ ಒಂದೇ ವಯಸ್ಸು ಅಂತ ಇರುವುದು ಬಹಳ ಕಡಿಮೆ. ತಳಕ್ಕೆ ಒಂದು ವರ್ಷ, ಡಯಲಿಗೆ ಇನ್ನೊಂದು, ರಿಸೀವರಿಗೆ ಮತ್ತೊಂದು. ಇದಕ್ಕೆ ಕಾರಣ ಇದೆ. ಆಗ ಫೋನ್ ನಮ್ಮದಾಗಿರಲಿಲ್ಲ, ಅಂಚೆ ಮತ್ತು ತಂತಿ ಇಲಾಖೆಯದು. ನಾವು ಕೊಡುತ್ತಿದ್ದದ್ದು ಬಾಡಿಗೆ. ಲೈನ್ ಬೇಡ ಅಂದರೆ ಫೋನೂ ವಾಪಸ್ ಕೊಡಬೇಕು. ಡಯಲ್ ಕೆಟ್ಟರೆ ಲೈನ್‌ಮನ್ ಬಂದು ತನ್ನ ಚೀಲದಲ್ಲಿದ್ದ ಇನ್ನೊಂದು ಡಯಲ್ ಕೂರಿಸಿ ಹೋಗುತ್ತಿದ್ದರು. ವಾಪಸ್ ಬಂದ ಫೋನನ್ನು ಬಿಚ್ಚಿ, ಚೆನ್ನಾಗಿರುವ ಭಾಗ ಉಳಿಸಿಕೊಂಡು, ಮತ್ತೆ ಜೋಡಿಸಿ ಬೇರೆ ಮನೆಗೆ ಕೊಡುತ್ತಿದ್ದರು. ಹೊಸ ಸಂಪರ್ಕಕ್ಕೆ ವರ್ಷಗಟ್ಟಲೆ ಕಾಯುವ ಪಟ್ಟಿ ಇದ್ದ ಕಾಲ ಅದು. ನಡೆಯುವ ಭಾಗವನ್ನು ಯಾರು ಎಸೆಯುತ್ತಾರೆ?

ಹಾಗಾಗಿ ವಿದೇಶದ ಸಂಗ್ರಾಹಕರು ಹೇಳುವ "ಎಲ್ಲ ಭಾಗಕ್ಕೂ ಒಂದೇ ತಾರೀಖು ಇರಬೇಕು" ಅನ್ನುವ ನಿಯಮ ನಮಗೆ ಒಗ್ಗುವುದಿಲ್ಲ. ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ 500 ಮಾದರಿಯಲ್ಲಿ ತಳ, ಡಯಲ್, ಗಂಟೆ, ರಿಸೀವರ್ ಎಲ್ಲದರ ಮೇಲೂ ತಾರೀಖು ಒತ್ತಿರುತ್ತಾರೆ. ಎಲ್ಲವೂ ಹೊಂದಿದರೆ ಅಲ್ಲಿ ಬೆಲೆ ಜಾಸ್ತಿ. ಇಲ್ಲಿ ಬೇರೆ ಬೇರೆ ವರ್ಷದ ಭಾಗಗಳು ಕೂಡಿದ ಫೋನೇ ಸಹಜವಾದದ್ದು. ಅದನ್ನು ಕಲಬೆರಕೆ ಅಂತ ಕಡೆಗಣಿಸುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ಎಷ್ಟೋ ಕೈ, ಎಷ್ಟೋ ಮನೆ ದಾಟಿ ಬಂದದ್ದಕ್ಕೆ ಆ ಭಾಗಗಳೇ ಸಾಕ್ಷಿ.

ಒಂದು ಉದಾಹರಣೆ ಕೊಡುತ್ತೇನೆ. ರಾಯಚೂರಿನ ರಾಜೇಂದ್ರ ಗಂಜ್ ಕಡೆಯಿಂದ ಬಂದ ಒಂದು ಕಪ್ಪು ಫೋನ್ ನನ್ನ ಹತ್ತಿರ ಇದೆ. ತಳದ ತಗಡಿನ ಒಳಗೆ 58 ಅಂತ ಒತ್ತಿದೆ. ಡಯಲ್ ಬಿಚ್ಚಿದರೆ ಹಿಂದೆ 64. ಬಾಯಿಯ ಕಡೆಯ ಮುಚ್ಚಳ ತಿರುಗಿಸಿ ದನಿ ಹಿಡಿಯುವ ಕಾರ್ಬನ್ ಕ್ಯಾಪ್ಸೂಲ್ ಹೊರಗೆ ತೆಗೆದರೆ ಅದರ ಬೆನ್ನ ಮೇಲೆ ನೀಲಿ ಶಾಯಿಯಲ್ಲಿ 71. ಎರಡು ಗಂಟೆ ಬಟ್ಟಲುಗಳ ನಡುವೆ ಬೆರಳು ಹಾಕಿದರೆ ಹತ್ತಿಯ ಎಳೆ ಉಂಡೆಯಾಗಿ ಕೂತಿತ್ತು. ಜಿನ್ನಿಂಗ್ ಮಿಲ್ಲಿನದೋ ದಲಾಲಿ ಅಂಗಡಿಯದೋ ಇರಬೇಕು. ಇದನ್ನು "1958ರ ಫೋನ್" ಅಂತ ಹೇಳಿದರೆ ಅರ್ಧ ಸತ್ಯ. "1958ರಲ್ಲಿ ಹುಟ್ಟಿ 1971ರ ನಂತರವೂ ದುಡಿದದ್ದು" ಅಂದರೆ ಪೂರ್ತಿ ಸತ್ಯ. ತಳದ ತಾರೀಖು ಹುಟ್ಟು ಹೇಳುತ್ತದೆ. ಎಲ್ಲಕ್ಕಿಂತ ಹೊಸ ಭಾಗ, ಅದು ಎಲ್ಲಿಯವರೆಗೆ ಬಳಕೆಯಲ್ಲಿತ್ತು ಅನ್ನುವುದರ ಸುಳಿವು ಕೊಡುತ್ತದೆ. ಎರಡನ್ನೂ ಬರೆದಿಡಿ.

ಬಿಚ್ಚುವ ಮೊದಲೇ ಹೊರಗಿನಿಂದ ಒಂದಿಷ್ಟು ತಿಳಿಯುತ್ತದೆ. ತಳದಲ್ಲೋ ಡಯಲಿನಲ್ಲೋ ಐಟಿಐ ಮುದ್ರೆ ಇದೆಯಾ ನೋಡಿ. ಇದ್ದರೆ ಬ್ರಿಟಿಷರ ಕಾಲದ್ದು ಅನ್ನುವ ಮಾತು ಅಲ್ಲಿಗೇ ಮುಗಿಯಿತು. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಶುರುವಾದದ್ದೇ 1948ರಲ್ಲಿ, ನಮ್ಮದೇ ಬೆಂಗಳೂರಿನಲ್ಲಿ. ದೂರವಾಣಿನಗರ ಅನ್ನುವ ಬಡಾವಣೆ ಬೆಳೆದದ್ದು ಆ ಕಾರ್ಖಾನೆಯ ಸುತ್ತ. ಇಂಗ್ಲೆಂಡಿನ ಲಿವರ್‌ಪೂಲಿನ ಆಟೋಮ್ಯಾಟಿಕ್ ಟೆಲಿಫೋನ್ ಅಂಡ್ ಎಲೆಕ್ಟ್ರಿಕ್ ಕಂಪನಿಯ ಸಹಕಾರದಿಂದ ಕೆಲಸ ಆರಂಭವಾದ ಕಾರಣ ಮೊದಲ ಫೋನುಗಳಲ್ಲಿ ಇಂಗ್ಲಿಷ್ ಛಾಯೆ ಎದ್ದು ಕಾಣುತ್ತದೆ. ಜನ ಮೋಸ ಹೋಗುವುದು ಇಲ್ಲೇ. ನೋಡಲು ಬ್ರಿಟನ್ನಿನದೇ, ಆದರೆ ಬೆಂಗಳೂರಿನ ಕಾರ್ಮಿಕರು ಮಾಡಿದ್ದು. ನನಗಂತೂ ಅದೇ ಹೆಚ್ಚು ಹೆಮ್ಮೆ.

ಇಲಾಖೆಯ ಮುದ್ರೆಯೂ ಸಹಾಯ ಮಾಡುತ್ತದೆ. ಪಿ ಅಂಡ್ ಟಿ (ಅಂಚೆ ಮತ್ತು ತಂತಿ) ಅಂತ ಇದ್ದರೆ ಆ ಭಾಗ 1985ಕ್ಕಿಂತ ಈಚಿನದಾಗಿರುವ ಸಾಧ್ಯತೆ ಕಡಿಮೆ. ಆ ವರ್ಷ ಅಂಚೆ ಬೇರೆ, ದೂರಸಂಪರ್ಕ ಬೇರೆ ಆಯಿತು. ಬಿಎಸ್‌ಎನ್‌ಎಲ್ ಬಂದದ್ದು 2000ದ ಅಕ್ಟೋಬರ್ 1ರಂದು. 1984ರಲ್ಲಿ ಫೋನ್ ತಯಾರಿಕೆ ಖಾಸಗಿ ಕಂಪನಿಗಳಿಗೂ ತೆರೆದುಕೊಂಡ ಮೇಲೆ ಬಟನ್ ಒತ್ತುವ ಫೋನುಗಳು ಬೇಗ ಮನೆ ಸೇರಿದವು. ಡಯಲ್ ಫೋನಿನ ಕಾಲ ಇಳಿಮುಖವಾದದ್ದು ಅಲ್ಲಿಂದ.

ನಿಜವಾಗಿ ಬ್ರಿಟಿಷರ ಕಾಲದ ಫೋನ್ ಸಿಗುವುದೇ ಇಲ್ಲವಾ? ಸಿಗುತ್ತದೆ, ಅಪರೂಪಕ್ಕೆ. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ರಾಯಚೂರು ಮತ್ತು ಕೊಪ್ಪಳ ನಿಜಾಮನ ಹೈದರಾಬಾದಿನಲ್ಲಿದ್ದವು. ಈಗಲೂ ಹಳೇ ಸಾಮಾನು ಬರುವ ದಾರಿ ಹೆಚ್ಚು ಕಡಿಮೆ ಹಾಗೇ ಇದೆ. ರಾಯಚೂರಿನ ಕಡೆಗೆ ಹೈದರಾಬಾದಿನ ಜುಮೇರಾತ್ ಬಜಾರಿನಿಂದ, ಬಳ್ಳಾರಿಗೆ ಬೆಂಗಳೂರು, ಚೆನ್ನೈ ಕಡೆಯಿಂದ. ಇಂಗ್ಲೆಂಡಿನ ಮಾದರಿ ಗುರುತಿಸಲು ಗಂಟೆ ನೋಡಿ. 1929ರಲ್ಲಿ ಬಂದ 162ನೇ ನಂಬರಿನ ಮೇಜಿನ ಫೋನಿಗೆ ಒಳಗೆ ಗಂಟೆಯೇ ಇಲ್ಲ. ಗಂಟೆಪೆಟ್ಟಿಗೆ ಬೇರೆ, ಅದನ್ನು ಗೋಡೆಗೆ ಹೊಡೆಯುತ್ತಿದ್ದರು. 1937ರ ಸುಮಾರಿಗೆ ಬಂದ 300 ಮಾದರಿಯಲ್ಲಿ ಗಂಟೆ ಹೊಟ್ಟೆಯೊಳಗೇ ಸೇರಿತು. ತಳದಲ್ಲಿ ಹೊರಕ್ಕೆ ಎಳೆಯುವ ಪುಟ್ಟ ಡ್ರಾಯರ್ ಕೂಡ ಇರುತ್ತದೆ, ನಂಬರ್ ಬರೆದಿಡಲು. 1959ರ 706 ಮಾದರಿ ಬರುವ ಹೊತ್ತಿಗೆ ಅಂಚುಗಳೆಲ್ಲ ದುಂಡಗಾಗಿ, ಬೇಕಲೈಟ್ ಅನ್ನುವ ಗಡುಸಾದ ಹಳೇ ವಸ್ತು ಹೋಗಿ ಹಗುರವಾದ ಪ್ಲಾಸ್ಟಿಕ್ ಬಂದಿತ್ತು.

ತುಂಬಾ ಜನ ತಪ್ಪು ತಿಳಿದಿರುವ ಒಂದು ವಿಷಯ ಇದೆ. ಡಯಲ್ ಇಲ್ಲದ ಫೋನ್ ಸಿಕ್ಕಿದರೆ ಅದು ಡಯಲ್ ಇರುವುದಕ್ಕಿಂತ ಹಳೆಯದು ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಡಯಲ್ ಬೇಕಾದದ್ದು ಆಪರೇಟರ್ ಇಲ್ಲದೆ ತಾನೇ ಕರೆ ಜೋಡಿಸುವ ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಇದ್ದ ಊರಿಗೆ ಮಾತ್ರ. ಅಮೆರಿಕದ ಸ್ಟ್ರೋಜರ್ ಅನ್ನುವವರು ಅಂಥ ಎಕ್ಸ್‌ಚೇಂಜಿಗೆ ಪೇಟೆಂಟ್ ಪಡೆದದ್ದು 1891ರಲ್ಲೇ. ಆದರೆ ಸಣ್ಣ ಊರುಗಳಲ್ಲಿ ಆಪರೇಟರ್ ಕೂತು ಪ್ಲಗ್ ಚುಚ್ಚುವ ಬೋರ್ಡು ಬಹಳ ಕಾಲ ನಡೆಯಿತು. ಅಲ್ಲಿ ರಿಸೀವರ್ ಎತ್ತಿದರೆ ಸಾಕು, ಅಥವಾ ಪಕ್ಕದ ಹಿಡಿಕೆ ತಿರುಗಿಸಿದರೆ ಸಾಕು. ಅಂಥ ಕಡೆಗೆ ಅದೇ ಐಟಿಐ ಫೋನನ್ನು ಡಯಲ್ ಜಾಗಕ್ಕೆ ಬರೀ ಮುಚ್ಚಳ ಹಾಕಿ ಕೊಡುತ್ತಿದ್ದರು. ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ರೂಪಿಸಿದ, ಹಳ್ಳಿಗಳಿಗೆ ಹೊಂದುವ ಆಟೋಮ್ಯಾಟಿಕ್ ಎಕ್ಸ್‌ಚೇಂಜ್ ಮೊದಲು ಕೆಲಸ ಶುರು ಮಾಡಿದ್ದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಅಂದರೆ ಬೆಂಗಳೂರಿನ ಒಂದು ಡಯಲ್ ಫೋನ್, ನಮ್ಮ ತಾಲೂಕಿನ ಒಂದು ಹಿಡಿಕೆ ಫೋನಿಗಿಂತ ದಶಕಗಳಷ್ಟು ಹಳೆಯದಾಗಿರಬಹುದು.

ಇನ್ನು ನಾನು ಎಲ್ಲಕ್ಕಿಂತ ಮೊದಲು ಹುಡುಕುವುದು ಡಯಲಿನ ನಡುವೆ ಇರುವ ದುಂಡನೆಯ ಕಾಗದದ ಚೀಟಿ. ಅಲ್ಲಿ ಆ ಮನೆಯ ನಂಬರ್ ಬರೆದಿರುತ್ತದೆ. ಎರಡು ಅಂಕಿ ಇದ್ದರೆ ಪುಟ್ಟ ಕೈಬೋರ್ಡಿನ ಊರು. ಮೂರು, ನಾಲ್ಕು, ಐದು ಅಂತ ಅಂಕಿ ಹೆಚ್ಚಿದಂತೆ ಊರಿನ ಎಕ್ಸ್‌ಚೇಂಜ್ ಬೆಳೆದದ್ದು ಕಾಣುತ್ತದೆ. ಆರು ಅಂಕಿ ಇದ್ದು ಮೊದಲಿಗೆ 2 ಇದ್ದರೆ ಬಹುಮಟ್ಟಿಗೆ 2000ದ ಈಚಿನದು. ಪಕ್ಕದಲ್ಲಿ ಬಳ್ಳಾರಿಯ 08392, ರಾಯಚೂರಿನ 08532, ಕೊಪ್ಪಳದ 08539 ಬರೆದಿದ್ದರೆ ಆ ಚೀಟಿ ಆಪರೇಟರ್ ಇಲ್ಲದೆ ಬೇರೆ ಊರಿಗೆ ನೇರವಾಗಿ ಡಯಲ್ ಮಾಡುವ ಎಸ್‌ಟಿಡಿ ಬಂದ ಮೇಲಿನದು. ದೇಶದಲ್ಲಿ ಎಸ್‌ಟಿಡಿ ಮೊದಲು ಬಂದದ್ದು 1960ರಲ್ಲಿ, ಕಾನ್ಪುರ ಮತ್ತು ಲಖನೌ ನಡುವೆ. ನಮ್ಮ ಕಡೆಯ ಮನೆಮನೆಗೆ ಬರಲು ಬಹಳ ತಡವಾಯಿತು. ಡ್ರಾಯರಿನೊಳಗೆ 180 ಅಂತ ಬರೆದಿದ್ದರೆ ಅದು ಟ್ರಂಕ್ ಕಾಲ್, ಅಂದರೆ ಆಪರೇಟರ್ ಮೂಲಕ ಬೇರೆ ಊರಿಗೆ ಮಾಡುವ ಕರೆ, ಬುಕ್ ಮಾಡುತ್ತಿದ್ದ ನಂಬರ್. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಅಂತ ಕೇಳಿ ಬುಕ್ ಮಾಡಿದವರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರನ್ನು ಕೂರಿಸಿಕೊಂಡು ಕೇಳಿ. ಫೋನ್ ಯಾವ ವರ್ಷ ಮನೆಗೆ ಬಂತು ಅನ್ನುವುದು ಅಜ್ಜಿಗೆ ಮಗನ ಮದುವೆಯ ಲೆಕ್ಕದಲ್ಲಿ ನೆನಪಿರುತ್ತದೆ, ಅದೂ ಒಳ್ಳೆಯ ದಾಖಲೆಯೇ.

ದಯವಿಟ್ಟು ಈ ಚೀಟಿ ತೆಗೆದು ಹೊಸದು ಹಾಕಬೇಡಿ. ಮಸುಕಾಗಿದ್ದರೂ ಇರಲಿ. ಹಾಗೇ ಮೈಗೆ ಬಣ್ಣ ಹೊಡೆಸಬೇಡಿ, ಸ್ಯಾಂಡ್ ಪೇಪರ್ ಅಂತೂ ಮುಟ್ಟಿಸಲೇಬೇಡಿ. ಬೇಕಲೈಟಿನ ಹೊಳಪು ಮೇಲಿನ ತೆಳು ಪದರದಲ್ಲಿ ಮಾತ್ರ. ಒಳಗೆ ಮರದ ಹುಡಿ ಬೆರೆಸಿರುತ್ತಾರೆ. ಒಮ್ಮೆ ಉಜ್ಜಿದರೆ ಮಂಕಾಗುತ್ತದೆ, ಮತ್ತೆ ಮೊದಲಿನಂತಾಗುವುದಿಲ್ಲ. ಒದ್ದೆ ಬಟ್ಟೆ, ಚೂರು ಸೋಪು, ಆಮೇಲೆ ಒಣ ಬಟ್ಟೆ. ಅಷ್ಟೇ ಸಾಕು. ಸಂಡೂರಿನ ಕಡೆಯ ಫೋನಾದರೆ ಒಳಗೆ ಅದಿರಿನ ಕೆಂಪು ಧೂಳು ಕೂತಿರುತ್ತದೆ, ಅದನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ನೀರು ಬಿದ್ದರೆ ಕೆಸರಾಗಿ ಡಯಲಿನ ಹಲ್ಲುಗಳ ನಡುವೆ ಕಚ್ಚಿಕೊಳ್ಳುತ್ತದೆ. ಪ್ಲಾಸ್ಟಿಕ್ಕೋ ಬೇಕಲೈಟೋ ಅನ್ನುವ ಅನುಮಾನ ಇದ್ದರೆ ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ತಿಕ್ಕಿ ಮೂಸಿ ನೋಡಿ. ಬೇಕಲೈಟಿಗೆ ಔಷಧಿಯಂಥ ಘಾಟು ಇರುತ್ತದೆ.

ಮಿರಮಿರ ಹೊಳೆಯುವ ಹಿತ್ತಾಳೆ ಫೋನ್, ಮರದ ಪೀಠ, ಮೇಲೆ ಲಂಡನ್ ಅಂತ ಅಚ್ಚು. ಇಂಥದ್ದನ್ನು ಕೊಳ್ಳುವ ಮೊದಲು ಡಯಲಿನ ತೂತಿಗೆ ಬೆರಳು ಹಾಕಿ. ಒತ್ತುವ ಬಟನ್ ಸಿಕ್ಕಿದರೆ ಅದು ಶೋಕೇಸಿಗೆ ಅಂತ ಈಚೆಗೆ ಮಾಡಿದ್ದು. ಚೆಂದ ಕಂಡರೆ ತಗೊಳ್ಳಿ, ಆದರೆ ನೂರು ವರ್ಷದ ಬೆಲೆ ಕೊಡಬೇಡಿ.

ವಯಸ್ಸು ಗೊತ್ತಾದ ಮೇಲೆ ಎರಡನೇ ಪ್ರಶ್ನೆ ಬಂದೇ ಬರುತ್ತದೆ: "ಈಗಲೂ ಮಾತಾಡಬಹುದಾ?" ಬಹಳಷ್ಟು ಸಲ ಆಗುತ್ತದೆ. ಮೊದಲು ಸೊನ್ನೆ ತಿರುಗಿಸಿ ಬಿಡಿ. ಡಯಲ್ ವಾಪಸ್ ಬರುವಾಗ ಲೈನನ್ನು ಹತ್ತು ಸಲ ಕತ್ತರಿಸಿ ಕೂಡಿಸುತ್ತದೆ, ಸೆಕೆಂಡಿಗೆ ಹತ್ತರ ಲೆಕ್ಕದಲ್ಲಿ. ಅಂದರೆ ಸುಮಾರು ಒಂದು ಸೆಕೆಂಡಿನಲ್ಲಿ, ಒಂದೇ ವೇಗದಲ್ಲಿ, ಸರ್ ಅಂತ ಬರಬೇಕು. ಎಳೆದುಕೊಂಡು ಬಂದರೆ ಹಳೇ ಗ್ರೀಸು ಗಟ್ಟಿಯಾಗಿದೆ ಅಂತ ಅರ್ಥ. ನಮ್ಮ ಬೇಸಿಗೆಗೆ ಅದು ಸಾಮಾನ್ಯ. ಹಳೆಯದನ್ನು ಒರೆಸಿ ಗಡಿಯಾರದ ಎಣ್ಣೆ ಒಂದು ಹನಿ ಬಿಟ್ಟರೆ ಸರಿಹೋಗುತ್ತದೆ. ಅಡುಗೆ ಎಣ್ಣೆ ಬೇಡ, ಅದು ಅಂಟಾಗುತ್ತದೆ. ದನಿ ಕರಕರ ಅಂದರೆ ರಿಸೀವರನ್ನು ಅಂಗೈಗೆ ಮೆತ್ತಗೆ ತಟ್ಟಿ. ಒಳಗಿನ ಕಾರ್ಬನ್ ಹರಳು ಸಡಿಲವಾಗಿ ದನಿ ತಿಳಿಯಾಗುತ್ತದೆ. ತಾಮ್ರದ ತಂತಿಯ ಲ್ಯಾಂಡ್‌ಲೈನ್ ಇದ್ದವರಿಗೆ ನೇರವಾಗಿ ಜೋಡಿಸಿದರೆ ಸಾಮಾನ್ಯವಾಗಿ ನಡೆಯುತ್ತದೆ. ಗಂಟೆ ಬಾರಿಸಲು ಬರುವ ಕರೆಂಟಿಗೆ ಜುಮ್ ಅನಿಸುವಷ್ಟು ಶಕ್ತಿ ಇರುತ್ತದೆ, ಆದ್ದರಿಂದ ಲೈನ್ ಕಳಚಿಯೇ ತಂತಿ ಮುಟ್ಟಿ. ಈಗ ಎಷ್ಟೋ ಮನೆಗಳಿಗೆ ಫೈಬರ್ ಬಂದಿದೆ. ಆ ಮೋಡೆಮ್ಮಿನ ಫೋನ್ ಸಾಕೆಟ್ಟಿಗೆ ಹಾಕಿದರೆ ಬಂದ ಕರೆಗೆ ಗಂಟೆ ಹೊಡೆಯಬಹುದು, ಎತ್ತಿ ಮಾತಾಡಲೂಬಹುದು. ಆದರೆ ನಾವು ಡಯಲ್ ತಿರುಗಿಸಿದ್ದು ಎಷ್ಟೋ ಮೋಡೆಮ್ಮುಗಳಿಗೆ ಅರ್ಥವಾಗುವುದಿಲ್ಲ, ಅವಕ್ಕೆ ಬೇಕಾದದ್ದು ಬಟನ್ ಫೋನಿನ ಟೋನ್. ಅದಕ್ಕೆ ಡಯಲ್ ಲೈನ್ ಕತ್ತರಿಸಿ ಕೂಡಿಸುವ ಪಲ್ಸನ್ನು ಟೋನ್ ಮಾಡಿಕೊಡುವ ಸಣ್ಣ ಕನ್ವರ್ಟರ್ ಸಿಗುತ್ತದೆ. ಫೋನ್ ಮತ್ತು ಮೋಡೆಮ್ ನಡುವೆ ಹಾಕಿದರೆ ಆಯಿತು, ಫೋನಿನ ಒಳಗೆ ಒಂದು ಸ್ಕ್ರೂ ಕೂಡ ಬದಲಿಸಬೇಕಿಲ್ಲ.