ನಿನ್ನೆ ಎರಡು ಬೆರಳು, ಇವತ್ತು ಎಷ್ಟು?

ಮಲ್ಪೆಯಲ್ಲಿ ನನ್ನ ಬೋಟು ನೋಡಿದವರು ಹೆಚ್ಚಾಗಿ ಒಂದೇ ಪ್ರಶ್ನೆ ಕೇಳುತ್ತಾರೆ. "ಇಷ್ಟು ಹಳೆ ಮರದ ಬೋಟು, ಒಳಗೆ ನೀರು ಬರೋದಿಲ್ವಾ?"

ಬರುತ್ತದೆ. ದಿನಾ ಬರುತ್ತದೆ. ಆ ನೀರಿನಿಂದ ನಾನು ಕಲಿತದ್ದನ್ನು ಬರೆದಿಡಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಹಳೆ ಬೋಟು ತೆಗೆದುಕೊಳ್ಳುವ ಆಸೆ ಇರುವ ಒಬ್ಬರಿಗಾದರೂ ಇದು ಉಪಯೋಗಕ್ಕೆ ಬರಲಿ.

ಗಾಳ ಹಾಕಿ ಮೀನು ಹಿಡಿಯುವ ಆಸೆ ಇರುವವರನ್ನು ಬೆಳಗಿನ ಜಾವ ಸಮುದ್ರಕ್ಕೆ ಕರೆದುಕೊಂಡು ಹೋಗುವುದು, ಗಾಳಿ ಏಳುವ ಮೊದಲು ವಾಪಸು ತರುವುದು, ಇದು ನನ್ನ ಕೆಲಸ. ಗಿರಾಕಿ ಇಲ್ಲದ ದಿನ ನಾವೇ ಗಾಳ ಹಾಕಿ, ಸಿಕ್ಕಿದ್ದನ್ನು ದಕ್ಕೆಯಲ್ಲಿ, ಅಂದರೆ ಬೋಟು ಕಟ್ಟುವ ಕಟ್ಟೆಯಲ್ಲಿ, ಮಾರುತ್ತೇವೆ. ಬೋಟು 34 ಅಡಿ ಉದ್ದ. 1980ರ ದಶಕದ ಕೊನೆಗೆ ಕಟ್ಟಿದ್ದು. ಮೊದಲು ಬೆಳಿಗ್ಗೆ ಹೋಗಿ ಸಂಜೆ ಬರುವ ಬಲೆ ಎಳೆಯುವ ಸಣ್ಣ ಟ್ರಾಲ್ ಬೋಟಾಗಿತ್ತು. ಈಗ ಬಂದರಿನಲ್ಲಿ ಉಕ್ಕಿನ ಬೋಟು, ಫೈಬರ್ ಬೋಟುಗಳ ಕಾಲ. ಡೀಪ್‌ಸೀಗೆ ಹೋದ ಬೋಟು ಎಷ್ಟೋ ದಿನ ವಾಪಸು ಬರುವುದಿಲ್ಲ. ಅವುಗಳ ನಡುವೆ ಇಂಥ ಸಣ್ಣ ಮರದ ಬೋಟಿಗೆ ಕೆಲಸ ಕಡಿಮೆ. ಒಡೆದು ಸೌದೆಗೆ ಹಾಕುತ್ತಾರೆ. ನನ್ನದೂ ಹಾಗೆ ಹೋಗುವುದರಲ್ಲಿತ್ತು. ಹೊಳೆ ದಂಡೆಯಲ್ಲಿ ಒಂದು ಪಕ್ಕಕ್ಕೆ ವಾಲಿ ನಿಂತಿತ್ತು. ಮುಂದಿನ ತುದಿ ಎಷ್ಟು ಚಂದ ಮೇಲಕ್ಕೆ ಎದ್ದಿತ್ತು ಅಂದರೆ, ಅದನ್ನು ಅಲ್ಲೇ ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ.

ರಿಪೇರಿಗೆ 14 ತಿಂಗಳು ಹಿಡಿಯಿತು. ಕೆಲಸ ಮಾಡಿದ ಬಡಗಿ ಆಚಾರ್ರಿಗೆ ಆಗಲೇ ವಯಸ್ಸು ಎಪ್ಪತ್ತರ ಹತ್ತಿರ. ಮೊದಲ ದಿನ ಅವರು ಬೋಟಿನ ಸುತ್ತ ಸುತ್ತಿಗೆ ಹಿಡಿದು ನಡೆದರು. ಒಂದೊಂದು ಹಲಗೆಯನ್ನೂ ತಟ್ಟಿದರು. ಠಣ್ ಅಂದರೆ ಮರ ಗಟ್ಟಿ. ಧಪ್ ಅಂದರೆ ಒಳಗೆ ಕುಂಬಾಗಿದೆ, ಅಂದರೆ ಕೊಳೆತಿದೆ. ಅನುಮಾನ ಬಂದ ಕಡೆ ಸಣ್ಣ ಚಾಕು ಚುಚ್ಚಿ ನೋಡಿದರು. ನೀರಿನಲ್ಲಿ ಮುಳುಗಿರುವ ಭಾಗವೇ ಹಾಳಾಗಿರುತ್ತದೆ ಅಂತ ನಾನು ಎಣಿಸಿದ್ದೆ. ಅಲ್ಲಿ ಕಿರಾಲ್‌ಬೋಗಿ ಮರ ಇನ್ನೂ ಕಬ್ಬಿಣದ ಹಾಗಿತ್ತು. ಕುಂಬಾಗಿದ್ದದ್ದು ಮೇಲೆ, ಕ್ಯಾಬಿನ್ ಗೋಡೆ ಡೆಕ್ಕಿಗೆ ಸೇರುವ ಮೂಲೆಗಳಲ್ಲಿ. ಮಳೆನೀರು ಇಳಿದು ನಿಲ್ಲುವ ಜಾಗ ಅದು.

"ಉಪ್ಪು ಹಾಕಿದ ಮೀನು ಕೊಳೀತದಾ? ಮರವೂ ಹಾಗೇ. ಸಮುದ್ರದ ನೀರಿಗೆ ಹೆದರಬೇಡ, ಮಳೆನೀರಿಗೆ ಹೆದರು," ಅಂದರು.

ಇದು ನಿಜ. ಮರವನ್ನು ಕೊಳೆಸುವ ಬೂಸ್ಟಿಗೆ ಸಿಹಿನೀರು ಬೇಕು, ಉಪ್ಪು ಆಗಿಬರುವುದಿಲ್ಲ. ಸಮುದ್ರದಲ್ಲಿ ಮರ ಕೊರೆಯುವ ಹುಳದ ಕಾಟ ಬೇರೆ ಇದೆ. ಅದಕ್ಕೆ ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಎಣ್ಣೆ ಬಳಿಯುತ್ತೇವೆ, ಬಣ್ಣ ಹಚ್ಚುತ್ತೇವೆ. ಆದರೆ ಮೇಲಿನಿಂದ ತೊಟ್ಟಿಕ್ಕುವ ಮಳೆನೀರನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಳೆ ಬೋಟು ನೋಡಲು ಹೋದರೆ ಮೊದಲು ಡೆಕ್ಕಿನ ಕೆಳಗೆ ನುಗ್ಗಿ, ಟಾರ್ಚ್ ಹಾಕಿ ಆ ಮೂಲೆಗಳನ್ನು ನೋಡಿ.

ಹಲಗೆಗಳ ಸಂದಿಗೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯನ್ನು ಉಳಿಯಿಂದ ತುರುಕಿದರು. ಕೆಲಸ ಬೇಗ ಮುಗಿಯಲಿ ಅಂತ ನಾನು ಪೇಟೆಯಿಂದ ಗಟ್ಟಿಯಾಗುವ ಪುಟ್ಟಿ ತಂದಿದ್ದೆ. ಅವರು ಡಬ್ಬಿಯ ಮುಚ್ಚಳವನ್ನೂ ತೆಗೆಯಲಿಲ್ಲ. ದಡದಲ್ಲಿ ಒಣಗಿದ ಹಲಗೆ ನೀರಿಗೆ ಇಳಿದ ಮೇಲೆ ಉಬ್ಬುತ್ತದೆ. ಸಂದಿಯಲ್ಲಿ ಹತ್ತಿ ಇದ್ದರೆ ಅದನ್ನು ಅದುಮಿಕೊಂಡು ಬಿಗಿಯಾಗುತ್ತದೆ. ಕಲ್ಲಿನಂಥ ಪುಟ್ಟಿ ಇದ್ದರೆ ಉಬ್ಬಲು ಜಾಗ ಸಿಗದೆ ಮೊಳೆಯನ್ನೇ ಎಳೆದು ಸಡಿಲ ಮಾಡುತ್ತದೆ. ಅವರು ಬೇಡ ಅಂದದ್ದರಿಂದ ನನ್ನ ಬೋಟು ಉಳಿಯಿತು.

ಸೆಪ್ಟೆಂಬರ್ ಕೊನೆಗೆ ಬೋಟನ್ನು ನೀರಿಗೆ ಇಳಿಸಿದೆವು. ಮೀನುಗಾರರು ಹಂಗಾಮಿನ ಆರಂಭದಲ್ಲಿ ಮಾಡುವ ವಡಭಾಂಡೇಶ್ವರದ ಸಮುದ್ರ ಪೂಜೆ ಮುಗಿದು ಬಹಳ ದಿನ ಆಗಿತ್ತು. ಉಳಿದ ಬೋಟುಗಳು ಯಾವಾಗಲೋ ಹೊರಟಿದ್ದವು. ಆಚಾರ್ರು ಹೇಳಿದರು, "ಬೋಟು ನೀರು ಕುಡೀಲಿ. ಒಂದು ವಾರ ದಕ್ಕೆಯಲ್ಲೇ ಇರಲಿ ಮಾರಾಯ."

ಮೂರನೇ ದಿನಕ್ಕೇ ನಾನು ಗಿರಾಕಿಗಳಿಗೆ ಮಾತು ಕೊಟ್ಟಿದ್ದೆ. ಬೆಂಗಳೂರಿನಿಂದ ನಾಲ್ಕು ಜನ ರಾತ್ರಿ ಬಸ್ಸಿನಲ್ಲಿ ಬಂದಿದ್ದರು.

ಆ ದಿನ ಬೆಳಿಗ್ಗೆ ನಾನು ಬೋಟಿನ ಹೊಟ್ಟೆ ತೆರೆದು ನೋಡಿದೆ. ನೀರು ಕಡಿಮೆಯೇ ಇತ್ತು. ಯಾಕೆ ಕಡಿಮೆ ಇತ್ತು ಅಂತ ಆಮೇಲೆ ಅರ್ಥವಾಯಿತು. ಹೊಸದಾಗಿ ಹಾಕಿಸಿದ ಆಟೊಮ್ಯಾಟಿಕ್ ಪಂಪು ರಾತ್ರಿಯಿಡೀ ನೀರು ಎತ್ತಿ ಹೊರಗೆ ಹಾಕಿತ್ತು. ನೀರು ಏರಿದರೆ ಫ್ಲೋಟ್ ಸ್ವಿಚ್ ಮೇಲೇಳುತ್ತದೆ, ಪಂಪು ತಾನೇ ಓಡುತ್ತದೆ, ನೀರು ಇಳಿದರೆ ನಿಲ್ಲುತ್ತದೆ. ಎಷ್ಟು ಸಲ ಓಡಿತು ಅಂತ ಅದು ಯಾರಿಗೂ ಹೇಳುವುದಿಲ್ಲ. ಹಲಗೆಗಳು ಇನ್ನೂ ಬಿಗಿಯಾಗಿರಲಿಲ್ಲ. ನೀರು ಧಾರಾಳವಾಗಿ ಬರುತ್ತಿತ್ತು. ನನ್ನ ಕಣ್ಣಿಗೆ ಕಂಡದ್ದು ಮಾತ್ರ ಒಣಗಿದ ಹೊಟ್ಟೆ.

ಹೊಳೆ ಸಮುದ್ರಕ್ಕೆ ಸೇರುವ ಅಳಿವೆ ದಾಟಿ, ಸೇಂಟ್ ಮೇರಿಸ್ ದ್ವೀಪವನ್ನು ಹಿಂದೆ ಬಿಟ್ಟು ಪಶ್ಚಿಮಕ್ಕೆ ಹೋದೆವು. ಬೋಟು ಓಡುತ್ತಿರುವಾಗಲೇ ಗಾಳ ಎಳೆದು ಎರಡು ಅಂಜಲ್ ಮೀನು ಹಿಡಿದೆವು. ಎಲ್ಲರಿಗೂ ಖುಷಿ. ಆಮೇಲೆ ಕೆಳಗೆ ಕಲ್ಲಿರುವ ಜಾಗದಲ್ಲಿ ಎಂಜಿನ್ ನಿಲ್ಲಿಸಿ, ಗಾಳ ಕೆಳಗೆ ಬಿಟ್ಟು ಕೂತೆವು. ಎರಡು ಗಂಟೆ ಹಾಗೇ ಕಳೆಯಿತು. ಹೊರಡುವ ಅಂತ ಕೀ ತಿರುಗಿಸಿದರೆ ಸ್ಟಾರ್ಟರ್ ಒಂದು ಸಲ ಟಕ್ ಅಂದು ಸುಮ್ಮನಾಯಿತು.

ಹಲಗೆ ಎತ್ತಿ ನೋಡಿದೆ. ನೀರು ಎಂಜಿನ್ನಿನ ಫ್ಲೈವೀಲ್ ಮುಟ್ಟುವಷ್ಟು ಏರಿತ್ತು. ಪಂಪು, ಮೀನು ತೋರಿಸುವ ಸ್ಕ್ರೀನು, ಲೈಟು, ಸ್ಟಾರ್ಟರ್ ಎಲ್ಲಕ್ಕೂ ಒಂದೇ ಬ್ಯಾಟರಿ. ಅದೂ ಹಳೆಯದು. ಕುಶನ್‌ಗೆ, ಬಣ್ಣಕ್ಕೆ ದುಡ್ಡು ಹಾಕಿದ್ದೆ, ಬ್ಯಾಟರಿ ಬದಲಿಸುವುದನ್ನು ಮುಂದಕ್ಕೆ ಹಾಕಿದ್ದೆ. ಎಂಜಿನ್ ನಿಂತ ಮೇಲೆ ಚಾರ್ಜ್ ಇಲ್ಲ. ಪಂಪು ಇದ್ದಬದ್ದ ಕರೆಂಟನ್ನೆಲ್ಲ ತಿಂದು, ಕೊನೆಗೆ ತಾನೂ ನಿಂತಿತ್ತು.

ಲಂಗರು ಹಾಕಿದೆವು. ಎಲ್ಲರಿಗೂ ಲೈಫ್ ಜಾಕೆಟ್ ಹಾಕಿಸಿದೆ. ಬಕೆಟ್ ಹಿಡಿದು ಸರದಿಯಲ್ಲಿ ನೀರು ಎತ್ತಿದೆವು. ಗಿರಾಕಿಗಳೂ ಎತ್ತಿದರು. ಬಂದರಿಗೆ ವಾಪಸಾಗುತ್ತಿದ್ದ ಬೋಟೊಂದು ನಮ್ಮನ್ನು ನೋಡಿ ಹತ್ತಿರ ಬಂತು, ಹಗ್ಗ ಕಟ್ಟಿ ಎಳೆದು ತಂದಿತು. ಅವರು ಒಂದು ರೂಪಾಯಿ ತೆಗೆದುಕೊಳ್ಳಲಿಲ್ಲ. ಯಾರಿಗೂ ಏನೂ ಆಗಲಿಲ್ಲ. ಗಿರಾಕಿಗಳ ದುಡ್ಡು ಪೂರ್ತಿ ವಾಪಸು ಕೊಟ್ಟೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೋಟಿನಲ್ಲಿ ನನ್ನ ಜೊತೆ ಒಬ್ಬ ಹುಡುಗ ಕೆಲಸಕ್ಕಿದ್ದಾನೆ. ಆಗ ಅವನಿಗೆ 19 ವರ್ಷ. ಮರುದಿನ ಬೋಟು ತೊಳೆಯುವಾಗ ಮೆಲ್ಲ ಹೇಳಿದ, "ಅಣ್ಣ, ಪಕ್ಕದ ಪೈಪಿನಿಂದ ನೀರು ನಿಲ್ಲದೆ ಹೋಗ್ತಿತ್ತು. ನಾನು ನೋಡಿದ್ದೆ."

"ಯಾಕೆ ಹೇಳಲಿಲ್ಲ?"

"ನಿಮಗೆ ಗೊತ್ತುಂಟು ಅಂತ ಎಣಿಸಿದೆ. ಗಿರಾಕಿಗಳ ಎದುರು ಏನೂ ಮಾತಾಡ್ಬೇಡ ಅಂತ ನೀವೇ ಹೇಳಿದ್ರಲ್ಲ."

ಹೌದು, ನಾನೇ ಹೇಳಿದ್ದೆ. ಬಂದವರಿಗೆ ಕಿರಿಕಿರಿ ಆಗಬಾರದು ಅಂತ. ನೀರು ಬರುವುದು ಅವನಿಗೆ ಗೊತ್ತಿತ್ತು, ವಾರ ಕಾಯಬೇಕು ಅಂತ ಆಚಾರ್ರಿಗೆ ಗೊತ್ತಿತ್ತು. ಬೋಟಿನ ಯಜಮಾನ ನಾನು, ನನಗೆ ಎರಡೂ ತಲೆಗೆ ಹೋಗಿರಲಿಲ್ಲ. ಆ ಪಂಪಿಗಿಂತ ಈ ಮಾತು ನನ್ನನ್ನು ಜಾಸ್ತಿ ಕಾಡಿತು.

ಹತ್ತು ದಿನ ಬೋಟನ್ನು ದಕ್ಕೆಯಲ್ಲೇ ಬಿಟ್ಟೆ. ಆಚಾರ್ರು ಒಂದು ಬಿದಿರಿನ ಕೋಲು ತಂದು ಕೊಟ್ಟರು. ಪಂಪು ಬಂದ್ ಮಾಡಿ, ಸಂಜೆ ನೀರು ಪೂರ್ತಿ ತೆಗೆದು, ಬೆಳಿಗ್ಗೆ ಕೋಲು ಇಳಿಸಿ ಎಷ್ಟು ಬೆರಳು ಅಂತ ನೋಡಬೇಕು. ಮೊದಲ ಬೆಳಿಗ್ಗೆ ಹದಿನಾಲ್ಕು ಬೆರಳು. ಆಮೇಲೆ ಒಂಬತ್ತು, ಆರು, ನಾಲ್ಕು. ಎಂಟನೇ ದಿನಕ್ಕೆ ಎರಡು ಬೆರಳಿಗೆ ಬಂದು ನಿಂತಿತು. ಹಲಗೆ ಉಬ್ಬಿ ಹತ್ತಿಯನ್ನು ಕಚ್ಚಿಕೊಂಡಿತ್ತು. "ಇನ್ನು ಹೋಗು. ಎರಡು ಬೆರಳು ಇದರ ಲೆಕ್ಕ. ಜಾಸ್ತಿ ಆದ ದಿನ ಯಾಕೆ ಅಂತ ಕೇಳು," ಅಂದರು.

ಈಗ ಸ್ಟಾರ್ಟರಿಗೆ ಬೇರೆ ಬ್ಯಾಟರಿ, ಪಂಪಿಗೆ ಬೇರೆ. ಪಂಪು ಓಡಿದಾಗಲೆಲ್ಲ ಸ್ಟಿಯರಿಂಗ್ ಪಕ್ಕದಲ್ಲಿ ಒಂದು ಕೆಂಪು ಬಲ್ಬು ಉರಿಯುತ್ತದೆ. ಬಲ್ಬಿನ ಖರ್ಚು ಒಂದು ಊಟದಷ್ಟೂ ಇಲ್ಲ. ಕರೆಂಟು ಬೇಡದ ಕೈಪಂಪು ಒಂದಿದೆ. ಕೋಸ್ಟ್ ಗಾರ್ಡಿನ 1554 ನಂಬರನ್ನು ಕ್ಯಾಬಿನ್ನಿನಲ್ಲಿ ದೊಡ್ಡದಾಗಿ ಬರೆದಿದ್ದೇವೆ. ಲೈಫ್ ಜಾಕೆಟ್ ದಕ್ಕೆಯಲ್ಲೇ ಹಾಕಿಸುತ್ತೇವೆ. ಇನ್ನೊಂದು ಮಾತು, ಮೀನು ಹಿಡಿಯಲು ಮಾಡಿಸಿದ ನೋಂದಣಿ ಇದ್ದರೆ ಜನರನ್ನು ಕರೆದುಕೊಂಡು ಹೋಗಬಹುದು ಅಂತ ತಿಳಿಯಬೇಡಿ. ಅದಕ್ಕೆ ಬೇರೆ ಪರವಾನಗಿ ಬೇಕು. ಬೋಟು ಕೊಳ್ಳುವ ಮೊದಲೇ ವಿಚಾರಿಸಿ.

ಕೋಲಿನ ಲೆಕ್ಕ ಬರೆಯಲು ಒಂದು ನೋಟುಬುಕ್ ಇಟ್ಟೆವು. ಅದನ್ನು ಬರೆಯುವುದು ನಾನಲ್ಲ, ಹುಡುಗ. ಬೆರಳಿನ ಲೆಕ್ಕದ ಪಕ್ಕದಲ್ಲಿ ರುಚಿಯನ್ನೂ ಬರೆಯುತ್ತಾನೆ. ನೀರಿನಲ್ಲಿ ಬೆರಳದ್ದಿ ನಾಲಿಗೆಗೆ ಹಚ್ಚಿ ನೋಡಬೇಕು. ಉಪ್ಪಾದರೆ ಸಮುದ್ರದ್ದು. ಸಪ್ಪೆಯಾದರೆ ಮಳೆಯದ್ದು, ಇಲ್ಲವೇ ಮೀನಿನ ಪೆಟ್ಟಿಗೆಯ ಮಂಜುಗಡ್ಡೆ ಕರಗಿದ್ದು. ಸಪ್ಪೆ ಅಂತ ಬಂದರೆ ನಾವು ಡೆಕ್ಕಿನ ಮೂಲೆ ಹುಡುಕುತ್ತೇವೆ, ಉಪ್ಪು ಅಂತ ಬಂದರೆ ಕೆಳಗೆ. ಬೋಟನ್ನು ತಳ್ಳುವ ಫ್ಯಾನಿನ ಶಾಫ್ಟ್ ಹೊರಗೆ ಹೋಗುವ ಕಡೆ ನೀರು ತಡೆಯಲು ಇರುವ ಗ್ಲ್ಯಾಂಡಿನಿಂದ ಎಂಜಿನ್ ಓಡುವಾಗ ನಿಮಿಷಕ್ಕೆ ಕೆಲವು ಹನಿ ಬೀಳಲೇಬೇಕು, ಆಗಲೇ ಅದು ತಂಪಾಗಿರುವುದು. ಪೂರ್ತಿ ಒಣಗಿದ್ದರೆ ಬಿಗಿ ಜಾಸ್ತಿಯಾಗಿದೆ, ಶಾಫ್ಟ್ ಬಿಸಿಯಾಗುತ್ತದೆ. ಧಾರೆಯಾದರೆ ಗ್ಲ್ಯಾಂಡಿನೊಳಗೆ ತುಂಬಿದ ಪ್ಯಾಕಿಂಗ್ ಸವೆದಿದೆ.

ಮೂರನೇ ವರ್ಷ ನೋಟುಬುಕ್ಕಿನಲ್ಲಿ ಎರಡು ಇದ್ದದ್ದು ಎರಡೂವರೆ ಆಯಿತು, ಒಂದು ವಾರದಲ್ಲಿ ಮೂರು. ಉಪ್ಪು. ಗ್ಲ್ಯಾಂಡ್ ಸರಿಯಾಗಿತ್ತು. ಹುಡುಗನೇ ಒಳಗೆ ತೆವಳಿಕೊಂಡು ಹೋಗಿ, ಹಿಂದಿನ ಹಲಗೆಯೊಂದರಲ್ಲಿ ಕಂದು ಬಣ್ಣದ ಗೆರೆ ಇಳಿದಿರುವುದನ್ನು ಕಂಡುಹಿಡಿದ. ದಡಕ್ಕೆ ಎಳೆಸಿ ಬಿಚ್ಚಿದೆವು. ಯಾವುದೋ ಹಳೆ ರಿಪೇರಿಯಲ್ಲಿ ತಾಮ್ರದ ಮೊಳೆಗಳ ಪಕ್ಕದಲ್ಲೇ ಕಬ್ಬಿಣದ ಮೊಳೆ ಹೊಡೆದಿದ್ದರು. ಉಪ್ಪುನೀರಿನಲ್ಲಿ ಎರಡು ಲೋಹ ಹತ್ತಿರ ಇದ್ದರೆ ಕಬ್ಬಿಣ ಬೇಗ ತಿಂದುಹೋಗುತ್ತದೆ. ಮೊಳೆ ಪೆನ್ಸಿಲ್ ಮೊನೆಯಷ್ಟು ಉಳಿದಿತ್ತು. ಅರ್ಧ ದಿನದ ಕೆಲಸದಲ್ಲಿ ಮುಗಿಯಿತು. ನೋಟುಬುಕ್ ಇಲ್ಲದಿದ್ದರೆ ಆ ಹಲಗೆ ಸಮುದ್ರದಲ್ಲೇ ಬಿಡುತ್ತಿತ್ತು.

ಇಷ್ಟೆಲ್ಲ ಕಷ್ಟಪಟ್ಟು ಹಳೆ ಬೋಟು ಯಾಕೆ ಅಂತ ನೀವು ಕೇಳಬಹುದು. ಎಂಜಿನ್ ನಿಲ್ಲಿಸಿ ಗಾಳ ಬಿಟ್ಟು ಕೂತಾಗ ಅದಕ್ಕೆ ಉತ್ತರ ಸಿಗುತ್ತದೆ. ಹಗುರ ಫೈಬರ್ ಬೋಟು ಸಣ್ಣ ಅಲೆಗೂ ಪಟಪಟ ಕುಣಿಯುತ್ತದೆ. ಈ ಮರದ ಬೋಟು ಭಾರ. ಮೆಲ್ಲ ಏಳುತ್ತದೆ, ಮೆಲ್ಲ ಇಳಿಯುತ್ತದೆ. ಮೊದಲ ಸಲ ಸಮುದ್ರಕ್ಕೆ ಬಂದವರಿಗೂ ಹೊಟ್ಟೆ ತೊಳಸುವುದು ಕಡಿಮೆ. ಅಲೆ ಹಲಗೆಗೆ ತಾಗುವ ಸದ್ದು ಕೇಳುತ್ತ ಕೂತರೆ ನನಗೆ ಬೇರೇನೂ ಬೇಡ ಅನಿಸುತ್ತದೆ.

ಜೂನ್ 1ರಿಂದ ಜುಲೈ 31ರ ತನಕ ಕರ್ನಾಟಕದ ಇಡೀ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಬೋಟನ್ನು ದಡಕ್ಕೆ ಎಳೆದು, ಮೇಲೆ ಚಪ್ಪರ ಹಾಕುತ್ತೇವೆ. ಪಕ್ಕಗಳನ್ನು ಪೂರ್ತಿ ಮುಚ್ಚುವುದಿಲ್ಲ, ಒಳಗೆ ಗಾಳಿ ಆಡಬೇಕು. ಡೆಕ್ಕಿನ ಮೂಲೆಗಳಿಗೆ ಕಲ್ಲುಪ್ಪು ಸುರಿದು ಬಿಡುತ್ತೇವೆ. ಎಲ್ಲಿಂದಾದರೂ ಮಳೆನೀರು ಇಳಿದರೂ ಉಪ್ಪಾಗಿಯೇ ಮರಕ್ಕೆ ಸೇರಲಿ ಅಂತ. ಮತ್ತೆ ನೀರಿಗೆ ಇಳಿಸಿದ ಮೇಲೆ ಎರಡು ಬೆರಳಿಗೆ ಬರುವ ತನಕ ಯಾರಿಗೂ ದಿನ ಕೊಡುವುದಿಲ್ಲ.

ಈಗ ಮನೆಯಿಂದ ಹೊರಡುವ ಮೊದಲೇ ಬೆಳಿಗ್ಗೆ ನಾಲ್ಕೂವರೆಗೆ ನನ್ನ ಫೋನಿಗೆ ಹುಡುಗನ ಮೆಸೇಜ್ ಬರುತ್ತದೆ. ಇವತ್ತಿನದು ಹೀಗಿತ್ತು. "ಎರಡು ಬೆರಳು. ಉಪ್ಪು. ಐಸ್ ಹಾಕಿದ್ದೇನೆ ಅಣ್ಣ, ಬನ್ನಿ."