ನಿಮ್ಮಲ್ಲಿ ಊಟಕ್ಕೆ ಕಟ್ಟುಪಾಡೇ ಇಲ್ಲವಲ್ಲ?

ಕಚೇರಿಯಲ್ಲಿ ಮಧ್ಯಾಹ್ನ ಡಬ್ಬಿ ಬಿಚ್ಚುವಾಗ, ಬೀದಿಯಲ್ಲಿ ಯಾರದಾದರೂ ಗೃಹಪ್ರವೇಶದ ಪಂಕ್ತಿಯಲ್ಲಿ ಕೂತಾಗ ಈ ಪ್ರಶ್ನೆ ನನ್ನನ್ನು ಹುಡುಕಿಕೊಂಡು ಬರುತ್ತದೆ. ಮೊಬೈಲ್ ಬದಿಗಿಟ್ಟು, ಶಿಲುಬೆಯ ಗುರುತು ಹಾಕಿ, ಜೊತೆಯವರೆಲ್ಲ ಕೂರುವ ತನಕ ನಾನು ತುತ್ತು ಎತ್ತುವುದಿಲ್ಲ. ಅದನ್ನು ಗಮನಿಸಿದವರು ಕೇಳುತ್ತಾರೆ: "ಕ್ರೈಸ್ತರಿಗೆ ಮಡಿಯಿಲ್ಲ, ಏಕಾದಶಿಯಿಲ್ಲ, ಇದನ್ನು ತಿನ್ನಬಾರದು ಎಂಬ ಪಟ್ಟಿಯೂ ಇಲ್ಲ. ಮತ್ತೆ ಈ ಗಮನವಿಟ್ಟು ಉಣ್ಣುವ ಅಭ್ಯಾಸ ಎಲ್ಲಿಂದ ಬಂತು? ಗೋಕುಲಂನ ಯೋಗ ಶಾಲೆಯಲ್ಲಿ ಕಲಿತಿರಾ?" ದೇಶವಿದೇಶದವರು ಯೋಗ ಕಲಿಯಲು ಬಂದು ನೆಲೆಸುವ ಮೈಸೂರಿನಲ್ಲಿ ಹಾಗನ್ನಿಸುವುದು ಸಹಜವೇ. ಆದರೆ ನಾನು ಇದನ್ನು ಕಲಿತದ್ದು ನಮ್ಮ ದೇವಾಲಯವಾದ ಚರ್ಚಿನಲ್ಲಿ, ಬೈಬಲಿನಲ್ಲಿ, ಮತ್ತು ಮಂಡ್ಯ ಕಡೆಯ ನಮ್ಮ ಅವ್ವನ ಅಡುಗೆಮನೆಯಲ್ಲಿ.

ಕಟ್ಟುಪಾಡಿಲ್ಲ ಎಂಬ ಮಾತಿನಲ್ಲಿ ಬಹುಪಾಲು ನಿಜವಿದೆ. ಹೊರಗಿನಿಂದ ಬಾಯೊಳಗೆ ಹೋಗುವುದು ಮನುಷ್ಯನನ್ನು ಕೆಡಿಸುವುದಿಲ್ಲ, ಒಳಗಿನಿಂದ ಹೊರಡುವುದೇ ಕೆಡಿಸುತ್ತದೆ ಎಂದು ಯೇಸು ಹೇಳಿದ್ದು ಮಾರ್ಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿದೆ. ಹಾಗಾಗಿ ಏನು ತಿನ್ನಬೇಕು ಎಂಬ ಬಗ್ಗೆ ನಮಗೆ ಸ್ವಾತಂತ್ರ್ಯ ದೊಡ್ಡದು. ಆ ಸ್ವಾತಂತ್ರ್ಯವನ್ನು ಇನ್ನೊಬ್ಬರಿಗಾಗಿ ಬಿಟ್ಟುಕೊಡಬೇಕಾದ ಸಂದರ್ಭವೂ ಬರುತ್ತದೆ. ನಾನು ಮಾಂಸ ತಿನ್ನುವುದರಿಂದ ನನ್ನ ಸೋದರ ಎಡವುವುದಾದರೆ ಮಾಂಸವನ್ನೇ ಮುಟ್ಟುವುದಿಲ್ಲ ಎಂದು ಆರಂಭದ ಕಾಲದ ಕ್ರೈಸ್ತ ಬೋಧಕ ಸಂತ ಪೌಲ ಕೊರಿಂಥದ ಕ್ರೈಸ್ತರಿಗೆ ಪತ್ರ ಬರೆದ. ಟಿಪ್ಪುವಿನ ಪತನದ ನಂತರ ಶ್ರೀರಂಗಪಟ್ಟಣದ ಗಂಜಾಂ ಕಡೆ ಸೇವೆ ಮಾಡಿದ ಫ್ರೆಂಚ್ ಗುರು ಅಬ್ಬೆ ದುಬಾಯ್ ಮಾಂಸ ತ್ಯಜಿಸಿ, ಇಲ್ಲಿನವರ ಉಡುಪು ತೊಟ್ಟು, ಇಲ್ಲಿನವರಂತೆ ಬದುಕಿದರು. ಜನ ಅವರನ್ನು ದೊಡ್ಡ ಸ್ವಾಮಿಗಳು ಎಂದೇ ಕರೆದರು.

ಪೌಲನ ಅದೇ ಪತ್ರದಲ್ಲಿ ಇನ್ನೊಂದು ಭಾಗವಿದೆ. ನನ್ನ ಉತ್ತರವೆಲ್ಲ ನಿಂತಿರುವುದು ಅದರ ಮೇಲೆ. ಸುಮಾರು ಕ್ರಿ.ಶ. 55ರ ಹೊತ್ತಿಗೆ ಕೊರಿಂಥ ಎಂಬ ಗ್ರೀಕ್ ವ್ಯಾಪಾರದ ಪಟ್ಟಣದಲ್ಲಿ ಕ್ರೈಸ್ತರು ಯಾರದಾದರೂ ಮನೆಯಲ್ಲಿ ಸೇರುತ್ತಿದ್ದರು. ಇಂದು ಚರ್ಚಿನ ಮುಖ್ಯ ಆರಾಧನೆಯಾದ ಬಲಿಪೂಜೆಯಲ್ಲಿ ನಡೆಯುವ ರೊಟ್ಟಿ, ದ್ರಾಕ್ಷಾರಸದ ಪ್ರಭುವಿನ ಭೋಜನ ಆಗ ಹೊಟ್ಟೆ ತುಂಬ ಉಣ್ಣುವ ಸಹಭೋಜನದ ಜೊತೆಯಲ್ಲೇ ನಡೆಯುತ್ತಿತ್ತು. ಅಲ್ಲಿ ಉಳ್ಳವರು ಮೊದಲೇ ಬಂದು ತಮ್ಮ ತಮ್ಮ ಊಟ ಮುಗಿಸಿಬಿಡುತ್ತಿದ್ದರು. ದುಡಿದು ತಡವಾಗಿ ಬರುವ ಆಳುಗಳಿಗೂ ಬಡವರಿಗೂ ಖಾಲಿ ಪಾತ್ರೆ ಕಾಣುತ್ತಿತ್ತು ಎಂದು ಬೈಬಲ್ ಪಂಡಿತರು ವಿವರಿಸುತ್ತಾರೆ. ಒಬ್ಬ ಹಸಿದಿದ್ದಾನೆ, ಇನ್ನೊಬ್ಬ ಕುಡಿದು ಮತ್ತನಾಗಿದ್ದಾನೆ ಎಂದು ಪೌಲ ಸಿಟ್ಟಾಗುತ್ತಾನೆ. ಉಣ್ಣಲು ನಿಮಗೆ ಮನೆಗಳಿಲ್ಲವೇ, ಇಲ್ಲದವರನ್ನು ಅವಮಾನ ಮಾಡುತ್ತೀರಾ ಎಂದು ಕೇಳುತ್ತಾನೆ. ನೀವು ಮಾಡುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ ಎನ್ನುವಷ್ಟು ದೂರ ಹೋಗುತ್ತಾನೆ. ಕೊನೆಗೆ ಅವನು ಕೊಡುವ ಮದ್ದು ತೀರ ಸಾದಾ: ಉಣ್ಣಲು ಸೇರಿದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ.

ಗಮನವಿಟ್ಟು ಉಣ್ಣುವುದು ಎಂದು ಈಗ ಎಲ್ಲೆಡೆ ಕಲಿಸುವಾಗ ಗಮನವೆಲ್ಲ ತಿನ್ನುವವರ ಮೇಲೇ ಇರುತ್ತದೆ. ನನ್ನ ನಾಲಿಗೆಗೆ ಏನು ತಿಳಿಯಿತು, ಹೊಟ್ಟೆ ತುಂಬಿತೇ, ತೂಕ ಇಳಿಯಿತೇ. ಅದರಿಂದ ಹಲವರಿಗೆ ಉಪಕಾರವಾಗಿದೆ, ಅದನ್ನು ಅಲ್ಲಗಳೆಯುವುದಿಲ್ಲ. ನಮ್ಮ ಶ್ರದ್ಧೆ ಕೇಳುವ ಗಮನ ಮಾತ್ರ ಬೇರೆ ಕಡೆಗಿದೆ: ಯಾರು ಕೊಟ್ಟರು, ಯಾರು ಬೆಳೆದರು, ಯಾರು ಬೇಯಿಸಿದರು, ಇನ್ನೂ ಯಾರು ಬಂದಿಲ್ಲ.

ತುತ್ತನ್ನು ಮೂವತ್ತೆರಡು ಸಲ ಅಗಿಯಿರಿ ಎಂಬ ಸಲಹೆಯನ್ನೇ ತೆಗೆದುಕೊಳ್ಳಿ. ಮಂಡ್ಯದವರ ಮುಂದೆ ಅದು ನಿಲ್ಲುವುದಿಲ್ಲ, ನಾವು ಮುದ್ದೆಯನ್ನು ಅಗಿಯುವುದೇ ಇಲ್ಲವಲ್ಲ! ಹಬೆಯಾಡುವ ಮುದ್ದೆಯ ಅಂಚಿನಿಂದ ಬೆರಳಲ್ಲಿ ಒಂದಿಷ್ಟು ಮುರಿದು, ಅಂಗೈ ಸುಡದಂತೆ ಉರುಳಿಸಿ, ಹೆಬ್ಬೆರಳಿನಿಂದ ಒಂದು ಕುಳಿ ಒತ್ತಿ, ಬಸ್ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಆದರೂ ಮುದ್ದೆ ಉಣ್ಣುವವರ ಗಮನ ಎಲ್ಲೂ ಚದುರುವುದಿಲ್ಲ. ಬಿಸಿ ಎಷ್ಟಿದೆ, ತುತ್ತು ಗಂಟಲಿಗೆ ಹಿಡಿಸುವಷ್ಟೇ ಇದೆಯೇ, ಸಾರು ಸಾಕಾಗುತ್ತದೆಯೇ ಎಂದು ಬೆರಳುಗಳೇ ಲೆಕ್ಕ ಹಾಕುತ್ತವೆ. ಒಂದು ಕೈಯಲ್ಲಿ ಮೊಬೈಲ್ ನೋಡುತ್ತಾ ಮುದ್ದೆ ನುಂಗಲು ನೋಡಿ, ತಿಳಿಯುತ್ತದೆ. ನಾಲೆಗೆ ನೀರು ಬಿಡದ ವರ್ಷ ನಾಟಿಯೇ ಇಲ್ಲ ಎಂಬುದನ್ನು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು ಪತ್ರಿಕೆಯಲ್ಲಿ ದಿನವೂ ನೋಡುವ ಮನೆಗಳಲ್ಲಿ, ಯೇಸು ಕಲಿಸಿದಂತೆ ಅನುದಿನದ ಆಹಾರ ಕೊಡು ಎಂದು ಜಪಿಸುವಾಗ ಮಾತು ಬಾಯಿಪಾಠವಾಗಿ ಉಳಿಯುವುದಿಲ್ಲ. ಆ ಪ್ರಾರ್ಥನೆಯಲ್ಲಿ ಯಾರೂ ತನಗೊಬ್ಬನಿಗೇ ಊಟ ಬೇಡುವುದೂ ಇಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮ ಮನೆಗಳಲ್ಲಿ ಇನ್ನೂ ಬಾರದವರು ಎಂದರೆ ಯಾರು? ಬಹಳ ಸಲ ಅವರು ಅಡುಗೆಮನೆಯಲ್ಲೇ ಇರುತ್ತಾರೆ. ಅವ್ವ ಹಿಟ್ಟು ತಿರುವಿ, ಮುದ್ದೆ ಕಟ್ಟಿ, ಎಲ್ಲರಿಗೂ ಬಡಿಸಿ, ಇನ್ನೊಂದು ಸೌಟು ಸಾರು ಬೇಕೇ ಎಂದು ಕೇಳಿ, ಎಲ್ಲರೂ ಕೈತೊಳೆದ ಮೇಲೆ ತಳದಲ್ಲಿ ಉಳಿದದ್ದನ್ನು ಒಲೆಯ ಪಕ್ಕ ನಿಂತೇ ಉಣ್ಣುತ್ತಿದ್ದಳು. ಅಷ್ಟು ಹೊತ್ತಿಗೆ ಮುದ್ದೆ ಆರಿ ಗಟ್ಟಿಯಾಗಿರುತ್ತಿತ್ತು. ಊಟಕ್ಕೆ ಮುಂಚಿನ ಜಪ ಹೇಳಿಸುತ್ತಿದ್ದವಳೂ ಅವಳೇ! ಧರ್ಮೋಪದೇಶದ ತರಗತಿಯಲ್ಲಿ ಕೊರಿಂಥದ ಭಾಗ ಪಾಠ ಮಾಡುವಾಗೆಲ್ಲ ನನಗೆ ಅವ್ವನ ಆ ತಟ್ಟೆ ಕಣ್ಣಮುಂದೆ ಬರುತ್ತದೆ. ಪ್ರತಿ ಭಾನುವಾರ ಬಲಿಪೂಜೆಯ ಆ ರೊಟ್ಟಿಯನ್ನು, ಅಂದರೆ ಪರಮಪ್ರಸಾದವನ್ನು, ಸ್ವೀಕರಿಸುವ ಕುಟುಂಬ, ಅಡುಗೆ ಮಾಡಿದವಳಿಗಾಗಿ ಐದು ನಿಮಿಷ ಕಾಯದೆ ಉಂಡೇಳುವುದನ್ನು ಸಂಪ್ರದಾಯ ಎಂದು ಸಮರ್ಥಿಸಲು ನಾನು ಒಪ್ಪುವುದಿಲ್ಲ. ನಮ್ಮ ಮನೆಯಲ್ಲಿ ಪಾತ್ರೆಗಳೆಲ್ಲ ನಡುವೆ ಬರುತ್ತವೆ, ಬೇಯಿಸಿದವರು ಕೂರುತ್ತಾರೆ, ಆಮೇಲೆ ಜಪ. ಬಡಿಸಿಕೊಳ್ಳಲು ಎಲ್ಲರಿಗೂ ಕೈಗಳಿವೆ.

ದೂರ ಇರುವವರನ್ನು ನೆನೆಯುವ ಒಂದು ಪದ್ಧತಿಯನ್ನೂ ಇಲ್ಲಿ ಹೇಳಬೇಕು. ಮೈಸೂರಿಗೆ ಬಂದು ನೆಲೆಸಿದ ಮಂಗಳೂರು ಕಡೆಯ ಕ್ರೈಸ್ತರು ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನ್ಮದಿನದಂದು, ಹೊಸ ತೆನೆಯನ್ನು ದೇವಾಲಯದಲ್ಲಿ ಆಶೀರ್ವದಿಸಿ ಮನೆಗೆ ತರುತ್ತಾರೆ. ಅದರ ಕಾಳು ಸುಲಿದು ಹಾಲಿಗೋ ಪಾಯಸಕ್ಕೋ ಹಾಕಿ ಎಲ್ಲರೂ ಹಂಚಿಕೊಂಡ ನಂತರವೇ ಸಸ್ಯಾಹಾರದ ಹಬ್ಬದೂಟ. ಪರದೇಶದಲ್ಲಿರುವ ಮಕ್ಕಳಿಗೆ ಆ ಕಾಳನ್ನು ಅಂಚೆಯಲ್ಲಿ ಕಳಿಸುವ ಮನೆಗಳಿವೆ.

ಹೊಟ್ಟೆಬಾಕತನವನ್ನು ನಮ್ಮ ಧರ್ಮಸಭೆ, ಅಂದರೆ ಕಥೋಲಿಕ ಚರ್ಚು, ಪಾಪಗಳ ಸಾಲಿನಲ್ಲಿ ಸೇರಿಸಿದೆ ಎಂದರೆ ಹೆಚ್ಚಿನವರು ಅತಿಯಾಗಿ ತಿನ್ನುವುದು ಎಂದಷ್ಟೇ ಭಾವಿಸುತ್ತಾರೆ. 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸ್, ತನಗಿಂತ ಹಿಂದಿನ ಪೋಪ್ ಗ್ರೆಗರಿಯವರನ್ನು ಅನುಸರಿಸಿ, ಅದಕ್ಕೆ ಐದು ಮುಖಗಳನ್ನು ಹೇಳುತ್ತಾರೆ: ಹೊತ್ತಿಗೆ ಮುಂಚೆ ತಿನ್ನುವುದು, ದುಬಾರಿಯದೇ ಬೇಕೆನ್ನುವುದು, ಅತಿಯಾಗಿ ತಿನ್ನುವುದು, ಆತುರದಿಂದ ಮುಕ್ಕುವುದು, ಅಡುಗೆ ಹೀಗೇ ಇರಬೇಕು ಎಂದು ಹಟ ಹಿಡಿಯುವುದು. ಐದರಲ್ಲಿ ಪ್ರಮಾಣದ ಮಾತು ಒಂದೇ. ಮದುವೆ ಛತ್ರದಲ್ಲಿ ಉಣ್ಣುತ್ತಿರುವವರ ಬೆನ್ನ ಹಿಂದೆ ಕುರ್ಚಿ ಹಿಡಿದು ನಿಲ್ಲುವ ನಮ್ಮ ಆತುರವನ್ನೂ, ಉಪ್ಪು ಒಂದು ಕಲ್ಲು ಕಡಿಮೆಯಾದರೆ ತಟ್ಟೆ ದೂಡುವ ನಮ್ಮ ಗಂಡಸರ ಸಿಟ್ಟನ್ನೂ ಅವರು ನೋಡಿಯೇ ಬರೆದಂತಿದೆ. ತೆಳ್ಳಗಿರುವವರಿಗೂ ಈ ಪಟ್ಟಿಯಿಂದ ವಿನಾಯಿತಿ ಇಲ್ಲ. ದಪ್ಪಗಿರುವವರನ್ನು ಕಂಡು ಪಾಪಿ ಎಂದು ತೀರ್ಮಾನಿಸುವ ಅಧಿಕಾರ ಯಾರಿಗೂ ಇಲ್ಲ.

ಉಪವಾಸದ ಬಗ್ಗೆಯೂ ಕೇಳುತ್ತಾರೆ. ಕಥೋಲಿಕರಾದ ನಮಗೆ, ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಶುರುವಾಗುವ ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೆ) ಉಪವಾಸ ಕಡ್ಡಾಯ, ಅದೂ 18 ತುಂಬಿದವರಿಂದ 59 ವರ್ಷದವರೆಗಿನವರಿಗೆ. ಒಂದು ಪೂರ್ಣ ಊಟ, ಎರಡು ಸಣ್ಣ ಫಲಾಹಾರ. ತಪಸ್ಸುಕಾಲದ ಶುಕ್ರವಾರಗಳಂದು ಮಾಂಸ ವರ್ಜ್ಯ. ಕಾಯಿಲೆಯವರಿಗೆ, ಬಸುರಿ ಬಾಣಂತಿಯರಿಗೆ ಒತ್ತಾಯವಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಬಿಡಬಾರದು, ದೇವರು ಅದನ್ನು ಕೇಳುತ್ತಿಲ್ಲ. ಶುಕ್ರವಾರ ಕೋಳಿ ಬಿಟ್ಟು, ಅದಕ್ಕಿಂತ ದುಬಾರಿ ಅಂಜಲ್ ಮೀನು ಹುರಿದು ತಿಂದರೆ ನಿಯಮ ಉಳಿಯುತ್ತದೆ, ಉಪವಾಸ ಉಳಿಯುವುದಿಲ್ಲ. ಹಸಿದವರಿಗೆ ನಿನ್ನ ರೊಟ್ಟಿ ಹಂಚುವುದೇ ನನಗೆ ಬೇಕಾದ ಉಪವಾಸ ಎಂದು ಪ್ರವಾದಿ ಯೆಶಾಯನ ಬಾಯಲ್ಲಿ ದೇವರು ಹೇಳಿಸಿದ್ದಾರೆ. ಬಿಟ್ಟ ಊಟದ ಹಣ ತಪಸ್ಸುಕಾಲದ ಕಾಣಿಕೆ ಡಬ್ಬಿಗೆ ಬೀಳಬೇಕು ಎಂದು ನಾನು ಮಕ್ಕಳಿಗೆ ಹೇಳುವುದು ಅದಕ್ಕೇ.

ಇಷ್ಟೆಲ್ಲ ಕೇಳಿದ ಮೇಲೆ ಹೆಂಗಸರು ಒಂದು ಮರುಪ್ರಶ್ನೆ ಹಾಕುತ್ತಾರೆ: "ಸರಿ, ದೋಸೆಗೆ ಏನು ಮಾಡುತ್ತೀರಿ? ಎಲ್ಲರೂ ಕೂರಲಿ ಎಂದು ಕಾದರೆ ದೋಸೆ ಚಕ್ಕಳವಾಗುತ್ತದೆ." ನ್ಯಾಯವಾದ ಪ್ರಶ್ನೆ. ಇದಕ್ಕೆ ದಾರಿ ತೋರಿಸಿದವರು 6ನೇ ಶತಮಾನದ ಸಂತ ಬೆನೆಡಿಕ್ಟ್. ತಮ್ಮ ಮಠದ ನಿಯಮಾವಳಿಯಲ್ಲಿ ಅವರು ಅಡುಗೆಮನೆಯ ಕೆಲಸವನ್ನು ವಾರದ ಸರದಿಯಂತೆ ಎಲ್ಲ ಸನ್ಯಾಸಿಗಳಿಗೂ ಹಂಚಿದರು. ಬಡಿಸುವವರಿಗೆ ಊಟಕ್ಕೆ ಒಂದು ಗಂಟೆ ಮುಂಚೆಯೇ ಒಂದಿಷ್ಟು ರೊಟ್ಟಿ, ಕುಡಿಯಲು ಏನಾದರೂ ಕೊಡಬೇಕು, ಆಗ ಗೊಣಗದೆ ಸೇವೆ ಮಾಡುತ್ತಾರೆ ಎಂದು ಬರೆದರು. ಸಾವಿರದೈನೂರು ವರ್ಷದ ಹಿಂದೆ, ಬಡಿಸುವವರ ಹೊಟ್ಟೆಯನ್ನು ನೆನೆದು ಬರೆದ ನಿಯಮ ಅದು! ಹಾಗಾಗಿ ಭಾನುವಾರ ಬಲಿಪೂಜೆ ಮುಗಿಸಿ ಬಂದ ಮೇಲೆ ನಮ್ಮ ಮನೆಯಲ್ಲಿ ಜಪವನ್ನು ಒಲೆಯ ಮುಂದೆಯೇ ನಿಂತು ಹೇಳುತ್ತೇವೆ. ಮೊದಲ ದೋಸೆ ಹುಯ್ಯುವವರಿಗೆ. ನಾಲ್ಕು ದೋಸೆಯಾದ ಮೇಲೆ ಸೌಟು ಕೈ ಬದಲಾಗುತ್ತದೆ. ನನ್ನ ಗಂಡ ಹುಯ್ದದ್ದು ಸ್ವಲ್ಪ ದಪ್ಪ, ಮಗನದು ಅಂಚು ಕರಿ, ಆದರೆ ಎಲ್ಲರ ತಟ್ಟೆಗೂ ಬಿಸಿಯಾಗಿಯೇ ಬೀಳುತ್ತದೆ.