ಯಾವ ಕೋರ್ಸ್ ಸೇರಲಿ ಎಂದು ಕೇಳುವವರಿಗೆ

ನಾನು ಸಾಫ್ಟ್‌ವೇರ್ ಬರೆದು ಬದುಕುವವನು ಎಂದು ತಿಳಿದವರು ಹೆಚ್ಚುಕಡಿಮೆ ಒಂದೇ ಪ್ರಶ್ನೆಯನ್ನು ಕೇಳುತ್ತಾರೆ: "ಈಗಿರುವ ಕೆಲಸ ಬಿಡದೆ, ಆನ್‌ಲೈನಿನಲ್ಲೇ ಪ್ರೋಗ್ರಾಮಿಂಗ್ ಕಲಿಯಬಹುದೇ? ಕಲಿಯಬಹುದಾದರೆ ಯಾವ ಕೋರ್ಸ್ ಸೇರಲಿ?" ಕೇಳುವವರಲ್ಲಿ ಈಗಷ್ಟೇ ಪದವಿ ಮುಗಿಸಿದವರಿದ್ದಾರೆ, ವರ್ಷಗಳಿಂದ ಲೆಕ್ಕಪತ್ರ ನೋಡಿಕೊಂಡು ಬಂದವರಿದ್ದಾರೆ, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮತ್ತೆ ಉದ್ಯೋಗಕ್ಕೆ ಮರಳಬಯಸುವ ತಾಯಂದಿರಿದ್ದಾರೆ. ಮೊದಲ ಭಾಗಕ್ಕೆ ನನ್ನ ಉತ್ತರ ಹೌದು. ಎರಡನೆಯದಕ್ಕೆ ಯಾವುದಾದರೊಂದು ಹೆಸರು ಹೇಳಿ ಮಾತು ಮುಗಿಸಬಹುದು. ಆದರೆ ಅದರಿಂದ ಕೇಳಿದವರಿಗೆ ಹೆಚ್ಚಿನ ಉಪಕಾರವಾಗುವುದಿಲ್ಲ, ಏಕೆಂದರೆ ಕಲಿಕೆಯ ಬಹುಪಾಲು ನಡೆಯುವುದು ವಿಡಿಯೊ ನಿಲ್ಲಿಸಿದ ಮೇಲೆ.

ಒಳ್ಳೆಯ ಪಾಠಗಳಿಗೆ ಇಂದು ಕೊರತೆಯಿಲ್ಲ. ತನ್ನ ಪಠ್ಯಸಾಮಗ್ರಿಯನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಡುವುದಾಗಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ 2001ರಲ್ಲಿಯೇ ಪ್ರಕಟಿಸಿತ್ತು. ಕಂಪ್ಯೂಟರ್ ವಿಜ್ಞಾನಿಗಳಾದ ಸೆಬಾಸ್ಟಿಯನ್ ಥ್ರನ್ ಮತ್ತು ಪೀಟರ್ ನಾರ್ವಿಗ್ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕೃತಕ ಬುದ್ಧಿಮತ್ತೆಯ ತರಗತಿಯನ್ನು 2011ರಲ್ಲಿ ಎಲ್ಲರಿಗೂ ತೆರೆದಾಗ ಸುಮಾರು 1,60,000 ಜನ ನೋಂದಾಯಿಸಿಕೊಂಡರು. ಮರುವರ್ಷ ಕೋರ್ಸೆರಾ ಮತ್ತು ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸ್‌ಗಳ ತಾಣಗಳು ಆರಂಭವಾದವು. ಆದರೆ ಹಾರ್ವರ್ಡ್ ಮತ್ತು ಎಂಐಟಿ ಎಡ್‌ಎಕ್ಸ್‌ನಲ್ಲಿ ನಡೆಸಿದ ಕೋರ್ಸ್‌ಗಳ ಅಂಕಿಅಂಶಗಳನ್ನು ಪರಿಶೀಲಿಸಿದ, 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, 2017–18ರಲ್ಲಿ ಕೋರ್ಸನ್ನು ಪೂರ್ತಿಗೊಳಿಸಿದವರು ಶೇಕಡಾ 3ರ ಆಸುಪಾಸಿನವರು ಮಾತ್ರ. ಈ ಅಂಕಿಯನ್ನು ತೋರಿಸಿ ಜನರಿಗೆ ಶ್ರದ್ಧೆಯಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಹೆಸರು ಕೊಟ್ಟವರಲ್ಲಿ ಹಲವರು ಇಣುಕಿ ನೋಡಲು ಬಂದವರು. ಕೆಲವರು ತಮಗೆ ಬೇಕಾದ ಎರಡು ಪಾಠಗಳನ್ನು ಕಲಿತು ಹೊರಟವರು. ಡೇಟಾಬೇಸಿನಲ್ಲಿ ಬೇಗ ಹುಡುಕಲು ನೆರವಾಗುವ ಇಂಡೆಕ್ಸ್ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಕೋರ್ಸ್ ಸೇರಿದವರು ಆ ಅಧ್ಯಾಯ ಮುಗಿಸಿ ನಿಲ್ಲಿಸಿದರೆ ಅದು ಸೋಲಲ್ಲ. ನನಗೆ ಚಿಂತೆಯಾಗುವುದು ಪೂರ್ತಿ ಮುಗಿಸಿಯೂ ಖಾಲಿ ಫೈಲಿನ ಮುಂದೆ ಕುಳಿತಾಗ ಒಂದು ಸಾಲನ್ನೂ ಬರೆಯಲಾಗದೆ ಹೋಗುವವರ ಬಗ್ಗೆ.

ಹೀಗಾಗುವುದಕ್ಕೆ ಕಾರಣ ಬುದ್ಧಿಯ ಕೊರತೆಯಲ್ಲ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕೆಲವು ವಿದ್ಯಾರ್ಥಿಗಳು ಒಂದು ಬರಹವನ್ನು ಮತ್ತೆ ಓದಿದರು, ಉಳಿದವರು ಓದಿದ್ದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಪರೀಕ್ಷಿಸಿದಾಗ ನೆನಪಿನಿಂದ ಬರೆದವರು ಸ್ಪಷ್ಟವಾಗಿ ಮುಂದಿದ್ದರು. ವಿಡಿಯೊ ಪಾಠದ ಅಪಾಯ ಇಲ್ಲಿಯೇ ಇದೆ. ಬಲ್ಲವರೊಬ್ಬರು ಸರಾಗವಾಗಿ ಕೋಡ್ ಬರೆಯುತ್ತಾ ವಿವರಿಸುವಾಗ ನಮಗೆ ಎಲ್ಲವೂ ಅರ್ಥವಾಗುತ್ತಿರುತ್ತದೆ, ಮತ್ತು ಆ ಅರ್ಥವಾದ ಭಾವವು ಆ ಕ್ಷಣದ ಮಟ್ಟಿಗೆ ನಿಜವೇ ಆಗಿರುತ್ತದೆ. ವಾರ ಕಳೆದ ಮೇಲೆ ಕೈಗೆ ಸಿಗುವುದು ಮಾತ್ರ ನಾವಾಗಿ ತಿಣುಕಿ ಬರೆದದ್ದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕೆನ್ ಕೊಡಿಂಗರ್ ಮತ್ತು ಸಂಗಡಿಗರು 2015ರಲ್ಲಿ ಒಂದು ಆನ್‌ಲೈನ್ ಕೋರ್ಸನ್ನು ಅಧ್ಯಯನ ಮಾಡಿ, ವಿಡಿಯೊ ನೋಡುವುದಕ್ಕಿಂತ ಅಭ್ಯಾಸಗಳನ್ನು ಮಾಡುವುದು ಕಲಿಕೆಯೊಂದಿಗೆ ಸುಮಾರು ಆರು ಪಟ್ಟು ಬಲವಾದ ಸಂಬಂಧ ಹೊಂದಿದೆ ಎಂದು ಕಂಡುಕೊಂಡರು.

ಆದ್ದರಿಂದ ಕೋರ್ಸ್ ಆರಿಸುವಾಗ ಮೊದಲ ವಿಡಿಯೊ ನೋಡಿ ತೀರ್ಮಾನಿಸಬೇಡಿ. ಮೂರನೆಯ ವಾರದ ಅಭ್ಯಾಸವನ್ನು ತೆರೆದು ನೋಡಿ. ಅಲ್ಲಿ ಪಾಠದಲ್ಲಿ ಬಂದ ಕೋಡನ್ನೇ ಮರಳಿ ಬರೆಯಲು ಹೇಳಿದ್ದರೆ ಆ ಕೋರ್ಸನ್ನು ಬಿಡಬಹುದು. ಪಾಠದಲ್ಲಿ ಇಲ್ಲದ ಸನ್ನಿವೇಶವೊಂದನ್ನು ಕೊಟ್ಟು, ನಿಮ್ಮ ಉತ್ತರವನ್ನು ಪರೀಕ್ಷಿಸುವ ವ್ಯವಸ್ಥೆಯನ್ನೂ ಇಟ್ಟಿದ್ದರೆ, ಬೋಧಕರ ಮಾತು ಸ್ವಲ್ಪ ನೀರಸವಾಗಿದ್ದರೂ ಅದನ್ನೇ ಆರಿಸಿ. ಪ್ರೋಗ್ರಾಮಿಂಗ್ ಭಾಷೆ ಪೈಥಾನೋ ಜಾವಾಸ್ಕ್ರಿಪ್ಟೋ ಎಂಬ ಪ್ರಶ್ನೆಗೆ ಜನ ವ್ಯಯಿಸುವ ಸಮಯ ಅಗತ್ಯಕ್ಕಿಂತ ಬಹಳ ಹೆಚ್ಚು.

ಒಳ್ಳೆಯ ಕೋರ್ಸಿಗೂ ಒಂದು ಮಿತಿಯಿದೆ, ಅದನ್ನು ವಿವರಿಸಲು ನಾನು ಬೈನರಿ ಸರ್ಚ್‌ನ ಉದಾಹರಣೆ ಕೊಡುತ್ತೇನೆ. ಕ್ರಮವಾಗಿ ಜೋಡಿಸಿದ ಪಟ್ಟಿಯ ನಡುವಿನ ಅಂಶವನ್ನು ನೋಡಿ, ಹುಡುಕುತ್ತಿರುವುದು ಅದಕ್ಕಿಂತ ಚಿಕ್ಕದಾದರೆ ಎಡಭಾಗವನ್ನೂ ದೊಡ್ಡದಾದರೆ ಬಲಭಾಗವನ್ನೂ ಮಾತ್ರ ಮತ್ತೆ ಹುಡುಕುವ ವಿಧಾನ ಇದು. ಆರಂಭದ ಪಾಠಗಳಲ್ಲೇ ಬರುತ್ತದೆ. ನಡುವಿನ ಸ್ಥಾನ ತಿಳಿಯಲು ಮೊದಲ ಮತ್ತು ಕೊನೆಯ ಸ್ಥಾನಗಳನ್ನು ಕೂಡಿಸಿ ಎರಡರಿಂದ ಭಾಗಿಸುತ್ತೇವೆ. ಜಾವಾ ಭಾಷೆಯ ಜೊತೆಗೇ ಬರುವ ಸಿದ್ಧ ಕೋಡಿನ ಸಂಗ್ರಹದಲ್ಲಿಯೂ, ಅಂದರೆ ಅದರ ಪ್ರಮಾಣಿತ ಲೈಬ್ರರಿಯಲ್ಲಿಯೂ, ಹಾಗೆಯೇ ಬರೆದಿತ್ತು. ಆದರೆ ಅಲ್ಲಿ ಸ್ಥಾನಗಳನ್ನು ಇಡುವ 32 ಬಿಟ್‌ಗಳ ಪೂರ್ಣಾಂಕದಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ಎರಡು ಸ್ಥಾನಗಳ ಮೊತ್ತ ಅದನ್ನು ಮೀರಿದರೆ ಫಲಿತಾಂಶ ಋಣಸಂಖ್ಯೆಯಾಗಿ, ಪ್ರೋಗ್ರಾಂ ಮುರಿದುಬೀಳುತ್ತದೆ. ಆ ಕೋಡ್ ಬರೆದ ಜೋಶುವಾ ಬ್ಲಾಕ್ ಅವರೇ ಈ ದೋಷದ ಬಗ್ಗೆ 2006ರಲ್ಲಿ ಬರೆದರು. ಅಲ್ಲಿಯವರೆಗೆ ಅದು ಸುಮಾರು ಒಂಬತ್ತು ವರ್ಷ ಅಲ್ಲೇ ಅಡಗಿತ್ತು. ಕೊನೆಯ ಸ್ಥಾನದಿಂದ ಮೊದಲನೆಯದನ್ನು ಕಳೆದು, ಉಳಿದದ್ದನ್ನು ಅರ್ಧ ಮಾಡಿ, ಮೊದಲ ಸ್ಥಾನಕ್ಕೆ ಸೇರಿಸಿದರೆ ತೊಂದರೆಯಿಲ್ಲ. ಹತ್ತು ಅಂಶಗಳ ಪಟ್ಟಿಯನ್ನು ಕೊಡುವ ಅಭ್ಯಾಸದಲ್ಲಿ ಈ ದೋಷ ಎಂದಿಗೂ ಕಾಣಿಸದು. ಪಟ್ಟಿಯಲ್ಲಿ ನೂರು ಕೋಟಿಗೂ ಹೆಚ್ಚು ಅಂಶಗಳಿದ್ದಾಗ ಕಾಣಿಸುತ್ತದೆ. ಕೋರ್ಸಿನಲ್ಲಿ ಸಮಸ್ಯೆಯನ್ನು ಯಾರೋ ಮೊದಲೇ ಸ್ವಚ್ಛಗೊಳಿಸಿ ಕೊಟ್ಟಿರುತ್ತಾರೆ, ಅದಕ್ಕೆ ಉತ್ತರವಿದೆ ಎಂಬ ಖಾತರಿಯೂ ಇರುತ್ತದೆ. ಕೆಲಸದಲ್ಲಿ ಬರುವುದು "ಕೆಲವೊಮ್ಮೆ ನಿಧಾನವಾಗುತ್ತದೆ" ಎಂಬ ಒಂದು ಸಾಲಿನ ದೂರು. ಸಮಸ್ಯೆ ಏನು ಎಂದು ನಿರ್ಧರಿಸುವುದೇ ಅಲ್ಲಿ ಅರ್ಧ ಕೆಲಸ.

ನನ್ನ ಕೆಲಸದ ದಿನದಲ್ಲಿ ಹೊಸ ಕೋಡ್ ಬರೆಯುವ ಹೊತ್ತಿಗಿಂತ ಬೇರೆಯವರು ಬರೆದದ್ದನ್ನು ಓದುವ ಹೊತ್ತೇ ದೊಡ್ಡದು. ಕೋಡಿನಲ್ಲಿ ಒಂದು ವಿಚಿತ್ರ ಷರತ್ತು ಕಂಡರೆ ಅದನ್ನು ಅಳಿಸುವ ಮೊದಲು, ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್ ಎಂಬ ಸಾಧನದಲ್ಲಿ ಅದರ ಇತಿಹಾಸ ತೆಗೆದು, ಅದನ್ನು ಯಾವಾಗ, ಯಾವ ಕಾರಣಕ್ಕೆ ಸೇರಿಸಿದರು ಎಂದು ನೋಡುತ್ತೇನೆ. ಎಂದೋ ಕೆಲಸ ಬಿಟ್ಟು ಹೋದವರು ಬದಲಾವಣೆಯ ಜೊತೆ ಬರೆಯುವ ಕಮಿಟ್ ಸಂದೇಶದಲ್ಲಿ ಎರಡು ಸಾಲು ಕಾರಣ ಬರೆದಿಟ್ಟಿದ್ದರೆ, ನಾನು ಎಂದೂ ಭೇಟಿಯಾಗದ ಆ ವ್ಯಕ್ತಿಗೆ ಮನಸ್ಸಿನಲ್ಲೇ ಕೃತಜ್ಞತೆ ಹೇಳುತ್ತೇನೆ. ಈ ಓದುವ ಕೌಶಲಕ್ಕೆ ಆನ್‌ಲೈನ್ ಪಾಠಗಳು ಕೊಡುವ ಜಾಗ ತೀರಾ ಕಡಿಮೆ. ಇದನ್ನು ನೀವೇ ಸೇರಿಸಿಕೊಳ್ಳಬೇಕು: ನೀವು ಬಳಸುವ ಯಾವುದಾದರೂ ಚಿಕ್ಕ ಮುಕ್ತ ತಂತ್ರಾಂಶದ ಮೂಲ ಕೋಡನ್ನು ಇಳಿಸಿಕೊಂಡು, ಅದರ ಒಂದು ಗುಂಡಿ ಒತ್ತಿದಾಗ ಒಳಗೆ ಏನೇನು ನಡೆಯುತ್ತದೆ ಎಂದು ಕೊನೆಯವರೆಗೆ ಬೆನ್ನುಹತ್ತಿ ನೋಡಿ.

ಕೃತಕ ಬುದ್ಧಿಮತ್ತೆಯೇ ಕೋಡ್ ಬರೆದುಕೊಡುವಾಗ ಇದೆಲ್ಲ ಯಾಕೆ ಎಂದೂ ಈಗ ಕೇಳುತ್ತಾರೆ. ನಾನು ಆ ಸಾಧನಗಳನ್ನು ಕೆಲಸದಲ್ಲಿ ಬಳಸುತ್ತೇನೆ. ಅವು ಕೊಟ್ಟ ಕೋಡನ್ನು ಒಪ್ಪಬೇಕೋ ಬಿಡಬೇಕೋ ಎಂದು ತೀರ್ಮಾನಿಸಲು ಬೇಕಾಗುವುದು ಮೇಲೆ ಹೇಳಿದ ಓದುವ ಕೌಶಲವೇ. ಕಲಿಯುವವರು ಮೊದಲು ತಾವಾಗಿ ಪ್ರಯತ್ನಿಸಿ, ನಂತರ ತಮ್ಮ ಉತ್ತರದ ದೋಷಗಳನ್ನು ತೋರಿಸುವಂತೆ ಅದನ್ನು ಕೇಳಿದರೆ ಲಾಭವಿದೆ. ಪ್ರಶ್ನೆಯನ್ನೇ ಅದಕ್ಕೆ ಒಪ್ಪಿಸಿದರೆ ಅಭ್ಯಾಸ ಮಾಡಿದ್ದು ಯಂತ್ರ, ನೀವಲ್ಲ.

ಉಳಿದದ್ದು ಸಮಯದ ಮಾತು. ದುಡಿದು ಬಂದು, ಮನೆಯ ಕೆಲಸ ಮುಗಿಸಿದ ಮೇಲೆ ಉಳಿಯುವ ರಾತ್ರಿಯ ಹೊತ್ತಿನಲ್ಲಿ ಹೊಸ ಸಮಸ್ಯೆಯನ್ನು ಬಿಡಿಸುವಷ್ಟು ಚೈತನ್ಯ ಹೆಚ್ಚಿನವರಿಗೆ ಇರುವುದಿಲ್ಲ. ಆಗ ವಿಡಿಯೊ ನೋಡುವುದು ಸುಲಭವೆನಿಸುತ್ತದೆ, ಕಲಿಕೆ ಸಾಗಿದಂತೆಯೂ ಅನ್ನಿಸುತ್ತದೆ. ಸಾಧ್ಯವಿದ್ದವರು ಅಭ್ಯಾಸವನ್ನು ಬೆಳಗಿಗೆ ಇಟ್ಟು, ವಿಡಿಯೊವನ್ನು ರಾತ್ರಿಗೆ ಇಟ್ಟುಕೊಳ್ಳಲಿ. ಭಾನುವಾರ ಐದು ಗಂಟೆ ಒಟ್ಟಿಗೆ ಕೂರುವುದಕ್ಕಿಂತ ದಿನಕ್ಕೆ ಮುಕ್ಕಾಲು ಗಂಟೆ ಮೇಲು, ಏಕೆಂದರೆ ಅಂತರ ಕೊಟ್ಟು ಮತ್ತೆ ಮತ್ತೆ ನೆನಪಿಸಿಕೊಂಡದ್ದು ಹೆಚ್ಚು ಕಾಲ ಉಳಿಯುತ್ತದೆ. ಅಭ್ಯಾಸ ಮುಗಿಸಿ ಏಳುವ ಮೊದಲು, ನಾಳೆ ಮೊದಲು ಮಾಡಬೇಕಾದದ್ದನ್ನು ಒಂದು ವಾಕ್ಯದಲ್ಲಿ ಬರೆದಿಡಿ. ಎಲ್ಲಿದ್ದೆ ಎಂದು ಹುಡುಕುವುದರಲ್ಲೇ ಮರುದಿನದ ಹದಿನೈದು ನಿಮಿಷ ಹೋಗುವುದು ತಪ್ಪುತ್ತದೆ. ಇನ್ನು ಮನೆಯವರ ವಿಷಯ. ಅಷ್ಟು ಹೊತ್ತು ಮಕ್ಕಳನ್ನು ಅಥವಾ ವಯಸ್ಸಾದವರನ್ನು ಬೇರೆ ಯಾರಾದರೂ ನೋಡಿಕೊಳ್ಳದಿದ್ದರೆ ಈ ಯಾವ ಸಲಹೆಯೂ ನಡೆಯುವುದಿಲ್ಲ. ಆ ಹೊತ್ತನ್ನು ಮನೆಯಲ್ಲಿ ಕೇಳಿ ಪಡೆಯಿರಿ, ವಿಶೇಷವಾಗಿ ಹೆಣ್ಣುಮಕ್ಕಳಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ.

ಎಷ್ಟು ತಿಂಗಳಲ್ಲಿ ಕೆಲಸಕ್ಕೆ ಅರ್ಜಿ ಹಾಕಬಹುದು ಎಂಬುದಕ್ಕೆ ತಿಂಗಳ ಲೆಕ್ಕದಲ್ಲಿ ಉತ್ತರ ಕೊಡಲಾರೆ. ನಿಮ್ಮ ಮನೆಯಲ್ಲೋ ಪರಿಚಯದಲ್ಲೋ ಯಾರಿಗಾದರೂ ನಿಜವಾಗಿ ಬೇಕಾಗಿರುವ ಒಂದು ಪುಟ್ಟ ಪ್ರೋಗ್ರಾಂ ಅನ್ನು ಖಾಲಿ ಫೈಲಿನಿಂದ ಬರೆದುಕೊಡಿ. ಅವರು ಅದನ್ನು ಬಳಸಿ, ಇದು ಸರಿಯಿಲ್ಲ, ಅದು ಸಿಗುತ್ತಿಲ್ಲ ಎಂದು ದೂರು ತರುತ್ತಾರೆ. ಮೊದಲು ಸರಿಯಿದ್ದದ್ದನ್ನು ಕೆಡಿಸದೆ ಆ ದೂರುಗಳನ್ನು ಸರಿಪಡಿಸಲು ನಿಮ್ಮಿಂದಾಗುತ್ತಿದ್ದರೆ, ಕೋರ್ಸ್ ಅರ್ಧದಲ್ಲಿದ್ದರೂ ಅರ್ಜಿ ಹಾಕಿ.